ಕಾಲರಕ್ಕನ ಎಡಗಣ್ಣು

ಆ ಹೊಲಿಗೆ ಅಂಗಡಿಯಲ್ಲಿ ಯಾರಿಗೂ ಹೆತ್ತವರು ಇಟ್ಟ ಹೆಸರು ನಡೆಯುತ್ತಿರಲಿಲ್ಲ. ಗುಂಡಿ ತೂರುವ ಕಾಜಾ ಹೊಲಿಯುವವಳು ಕಾಜಕ್ಕ, ಜೇಬು ಕೂರಿಸುವವನು ಜೇಬಣ್ಣ, ಕೋಟಿನ ಕಾಲರನ್ನು ಕತ್ತಿನ ಸುತ್ತ ಎಸಳಿನ ಹಾಗೆ ಕೂರಿಸುವವಳು ಕಾಲರಕ್ಕ. ಹಿಂದಿನ ಕೋಣೆಯಲ್ಲಿ ಸಾಲಾಗಿ ಮಿಷನ್ನುಗಳು, ನೆತ್ತಿಯ ಮೇಲೆ ಕೊಳವೆ ದೀಪ, ಕಾಲಡಿಯಲ್ಲಿ ಚೂರುಬಟ್ಟೆ. ಅಲ್ಲಿ ಕೂತವರೆಲ್ಲ ಹೊಲಿಯುವವರು. ಕತ್ತರಿಸುವವರು ಮಾತ್ರ ಒಬ್ಬರೇ, ಮಾಸ್ಟರು. ಅವರ ಉದ್ದನೆಯ ಮೇಜು ಮುಂದಿನ ಕೋಣೆಯಲ್ಲಿ, ಬೀದಿಗೆ ಕಾಣುವ ಗಾಜಿನ ಪಕ್ಕದಲ್ಲಿತ್ತು. ಗಿರಾಕಿಯ ಅಳತೆ ತೆಗೆದು, ಸೀಮೆಸುಣ್ಣದಿಂದ ಗೆರೆ ಎಳೆದು, ಉಸಿರು ಬಿಗಿಹಿಡಿದು ಕತ್ತರಿ ಓಡಿಸುವ ಅಧಿಕಾರ ಅವರದು.

ಮದುವೆಯಾದ ಹೊಸತರಲ್ಲೇ ಆ ಅಂಗಡಿ ಸೇರಿದ ಕಾಲರಕ್ಕನ ಮನಸ್ಸು ಅಂದಿನಿಂದಲೂ ಆ ಮೇಜಿನ ಮೇಲೆ. ಬಹಳ ವರ್ಷ ಗೋಗರೆದ ಮೇಲೆ ಮಾಸ್ಟರು ಊಟದ ಬಿಡುವಿನಲ್ಲಿ ಅವಳ ಕೈಗೆ ಕತ್ತರಿ ಕೊಟ್ಟು, ಹಳೇ ಹಾಸಿಗೆ ಬಟ್ಟೆಯ ಮೇಲೆ ಕಲಿಸತೊಡಗಿದರು.

"ಹೊಲಿಗೆ ಕೆಟ್ಟರೆ ಬಿಚ್ಚಿ ಇನ್ನೊಂದ್ಸಲ ಹೊಲಿ, ಯಾರಪ್ಪನ ಗಂಟೂ ಹೋಗಲ್ಲ. ಕತ್ತರಿ ಕೆಟ್ಟರೆ ಮಾತ್ರ ನನ್ನ ಹತ್ರ ಬಂದು ಅಳಬೇಡ," ಎನ್ನುತ್ತಿದ್ದರು. "ಒಳಗಡೆ ಯಾವಾಗಲೂ ಒಂದು ಬೆರಳು ಬಟ್ಟೆ ಬಿಡು. ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ."

ಮಾಸ್ಟರಿಗೆ ಮಂಡಿನೋವು ಹೆಚ್ಚಾಗಿ ನಿಂತು ಕೆಲಸ ಮಾಡಲಾಗದೆ ಹೋದಾಗ, ಮೇಜು ಕಾಲರಕ್ಕನಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅಂಗಡಿಯ ಯಜಮಾನರು ಅವಳನ್ನು ಕರೆದು ನಗುತ್ತಲೇ ಹೇಳಿದರು: "ಕೆಲಸ ನಿನಗೆ ಬರುತ್ತಮ್ಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಜಿನ ಹತ್ರ ನಿಲ್ಲೋರ ಮುಖ ಲವಲವಿಕೆಯಿಂದ ಇರಬೇಕು. ನಿನ್ನ ನೋಡಿದ್ರೆ ಗಿರಾಕಿಗೂ ಆಕಳಿಕೆ ಬರುತ್ತೆ. ಯೋಚನೆ ಮಾಡೋಣ."

ಮಾತು ತಮಾಷೆಯದೇ. ಆದರೆ ಮುರಿದ ಸೂಜಿಯ ತುದಿಯ ಹಾಗೆ ಒಳಗೇ ಉಳಿಯಿತು. ಅವಳ ಕಣ್ಣೇ ಹಾಗೆ, ತಾಯಿಯದೂ ಹಾಗೇ ಇತ್ತು. ವಯಸ್ಸಾದ ಹಾಗೆ ಮೇಲಿನ ರೆಪ್ಪೆಯ ಚರ್ಮ ಜೋತುಬಿದ್ದು ಕಣ್ಣನ್ನು ಅರ್ಧ ಮುಚ್ಚುತ್ತಿತ್ತು. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕಿರುಕೋಣೆಯ ಕನ್ನಡಿಯ ಮುಂದೆ ನಿಂತು ಕಾಲರಕ್ಕ ಬೆರಳ ತುದಿಯಿಂದ ಆ ಚರ್ಮವನ್ನು ಮೇಲಕ್ಕೆತ್ತಿ ನೋಡಿಕೊಂಡಳು. ಬೇರೊಬ್ಬಳು ಕಂಡಳು. ಬೆರಳು ಬಿಟ್ಟರೆ ಮತ್ತೆ ಅದೇ ನಿದ್ದೆಗಣ್ಣು.

ರೆಪ್ಪೆ ಸರಿಮಾಡಿಸಿಕೊಳ್ಳುತ್ತೇನೆ ಎಂದದ್ದನ್ನು ಕೇಳಿ ಪಾರ್ಸೆಲ್ ವ್ಯಾನು ಓಡಿಸುವ ಗಂಡ ನಕ್ಕ. "ಇಷ್ಟು ವರ್ಷ ಇದೇ ಮುಖ ನೋಡ್ಕೊಂಡು ಗಾಡಿ ತಗೊಂಡು ಹೋಗಿಲ್ವಾ ನಾನು? ಎಲ್ಲಾದ್ರೂ ಗುದ್ದಿದ್ದೀನಾ?"

"ಎರಡು ಸಲ ಗುದ್ದಿದ್ದೀರಿ."

"ಅವತ್ತು ನೋಡದೆ ಹೋಗಿದ್ದೆ."

ಆದರೂ ಅವನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಬೆಂಚಿನ ಮೇಲೆ ಕಾದು ಕಾದು ಸೊಂಟ ಹಿಡಿದುಕೊಂಡ ಮೇಲೆ ಒಳಗೆ ಕರೆದರು. ರೆಪ್ಪೆ, ಮೂಗು, ಸುಟ್ಟ ಮುಖ ಇವನ್ನೇ ಸರಿಮಾಡುವ ಡಾಕ್ಟರಮ್ಮ ಅವರು. ಹೆಚ್ಚು ಮಾತಿಲ್ಲ. ರೆಪ್ಪೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಹಿಡಿದು ಕಣ್ಣು ಮುಚ್ಚಿಸಿದರು, ತೆರೆಸಿದರು. ಕಾಗದದ ಸಣ್ಣ ಪಟ್ಟಿಯೊಂದನ್ನು ಕಣ್ಣಂಚಿಗೆ ಸಿಕ್ಕಿಸಿ ಎಷ್ಟು ನೀರು ಬರುತ್ತದೆ ಎಂದು ನೋಡಿದರು.

"ನಿಮ್ಮ ಕಣ್ಣು ತುಂಬಾ ಒಣಗಿದೆ. ಮೊದಲು ಅದಕ್ಕೆ ಔಷಧಿ ಹಾಕೋಣ. ಆಮೇಲೂ ಬೇಕು ಅನ್ಸಿದ್ರೆ ಸ್ವಲ್ಪವೇ ತೆಗೀತೀನಿ. ನೀವು ನಿಮ್ಮ ಹಾಗೇ ಕಾಣ್ತೀರಿ, ದಣಿವು ಒಂಚೂರು ಕಮ್ಮಿಯಾಗಿರುತ್ತೆ. ಅಷ್ಟೇ ನನ್ನ ಕೈಯಲ್ಲಿ ಆಗೋದು. ಇದರಲ್ಲಿ ತೊಂದರೆ ಆಗೋದೂ ಇದೆ, ಅದನ್ನೂ ಕೂತು ಹೇಳ್ತೀನಿ."

ಅವರು ಹೇಳುತ್ತಿದ್ದರು, ಕಾಲರಕ್ಕ ಅವರ ಬಿಳಿಕೋಟಿನ ಗುಂಡಿಯನ್ನು ನೋಡುತ್ತಿದ್ದಳು. ನಡುವಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಕಾಲರಿನ ಒಂದು ತುದಿ ಒಳಕ್ಕೆ ಮಡಚಿಕೊಂಡಿತ್ತು.

ಹೊರಗೆ ಬಂದವಳೇ ಅಂದಳು: "ತನ್ನ ಕೋಟಿನ ಗುಂಡಿ ಹೊಲ್ಕೊಳ್ಳೋಕೆ ಬರದೋಳು ನನ್ನ ಕಣ್ಣು ಹೊಲೀತಾಳಂತೆ."

ಮರುದಿನ ಅಂಗಡಿಯಲ್ಲಿ ಕಾಜಕ್ಕ ತನ್ನ ಗಲ್ಲ ಮುಂದೆ ಮಾಡಿದಳು. ಹಿಂದೊಮ್ಮೆ ಮೆಟ್ಟಿಲಿನಿಂದ ಬಿದ್ದು ಗಲ್ಲ ಸೀಳಿಹೋದಾಗ ಔಷಧಿ ಅಂಗಡಿಯ ಮಾಳಿಗೆಯ ಕ್ಲಿನಿಕ್ಕಿನ ಡಾಕ್ಟರು ಹೊಲಿದಿದ್ದರು. "ನೋಡೇ, ನೀನೇ ನೋಡು. ಹುಡುಕಿದ್ರೂ ಸಿಗಲ್ಲ. ಈಗ ಅವರು ಮುಖದ ಅಂದ ಮಾಡೋದನ್ನೂ ಶುರು ಮಾಡಿದ್ದಾರೆ. ಬೋರ್ಡೇ ಹಾಕಿದ್ದಾರಲ್ಲ."

ಕಾಲರಕ್ಕ ಅವಳ ಗಲ್ಲವನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲೂ ಸುಕ್ಕಿಲ್ಲ, ಎಳೆತವಿಲ್ಲ, ಗೆರೆ ಮೇಲೆ ಗೆರೆ ಕೂತಿತ್ತು. ಇಂಥ ಹೊಲಿಗೆ ಹಾಕಬಲ್ಲವರನ್ನು ಅವಳು ತನ್ನ ಜನ್ಮದಲ್ಲಿ ಒಬ್ಬಿಬ್ಬರನ್ನು ಕಂಡಿರಬಹುದು. ಅಲ್ಲೇ ಅವಳ ಮನಸ್ಸು ತೀರ್ಮಾನ ಮಾಡಿಬಿಟ್ಟಿತು.

ಕ್ಲಿನಿಕ್ಕಿನಲ್ಲಿ ಕಾಯುವ ಕೆಲಸವೇ ಇರಲಿಲ್ಲ. ಮೆತ್ತನೆಯ ಕುರ್ಚಿ, ಗೋಡೆ ತುಂಬ ಕಟ್ಟು ಹಾಕಿಸಿದ ಪ್ರಮಾಣಪತ್ರಗಳು, ಗಾಜಿನ ಲೋಟದಲ್ಲಿ ತಣ್ಣನೆಯ ನೀರು. ಡಾಕ್ಟರ ಕೋಟಿನ ಕಾಲರು ಗರಿಗರಿಯಾಗಿ ನಿಂತಿತ್ತು. ಎರಡೂ ತುದಿ ಸರಿಸಮ. ಅದನ್ನು ಕಂಡೇ ಅವಳ ಅರ್ಧ ಹೆದರಿಕೆ ಇಳಿಯಿತು.

"ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರಿ ತಾಯಿ. ಊಟದ ಹೊತ್ತಿಗೆ ಬಂದು ಸಂಜೆಗೆ ಮನೆಗೆ ಹೋಗೋ ಕೆಲಸ. ಹೆದರೋದೇನೂ ಇಲ್ಲ."

"ಹೊಲಿಗೆ ಕಾಣುತ್ತಾ?" ಅವಳು ಕೇಳಿದ್ದು ಅದೊಂದೇ.

"ನನ್ನ ಹೊಲಿಗೆ ಕಂಡೋರು ಯಾರೂ ಇಲ್ಲ," ಎಂದು ಅವರು ನಕ್ಕರು.

ಹೊಲಿಗೆ ನಿಜಕ್ಕೂ ಕಾಣಲಿಲ್ಲ. ಊತ ಇಳಿದು, ಕಪ್ಪು ನೀಲಿ ಕಲೆಗಳು ಮಾಸಿದ ಮೇಲೆ ಕಣ್ಣುಗಳು ಅಗಲವಾಗಿ ತೆರೆದುಕೊಂಡವು. ಕಾಜಕ್ಕ ಮಿಷನ್ನು ನಿಲ್ಲಿಸಿ ಎದ್ದು ಬಂದು ಅಪ್ಪಿಕೊಂಡಳು. ಜೇಬಣ್ಣ, "ಅಕ್ಕಾ, ಯಾಕೆ ಹಾಗೆ ನನ್ನ ದುರುಗುಟ್ಟಿ ನೋಡ್ತೀಯ? ನಾನೇನು ತಪ್ಪು ಮಾಡಿದೆ?" ಎಂದ. ಯೋಚನೆ ಮಾಡೋಣ ಎಂದಿದ್ದ ಯಜಮಾನರು ಕೊನೆಗೆ ಒಪ್ಪಿದರು. ಕಾಲರಕ್ಕ ಗಾಜಿನ ಪಕ್ಕದ ಮೇಜಿನ ಮುಂದೆ ನಿಂತಳು.

ಆದರೆ ಎಡಗಣ್ಣು ಉರಿಯುತ್ತಿತ್ತು. ಮೊದಮೊದಲು ಧೂಳೆಂದುಕೊಂಡಳು. ಆಮೇಲೆ ಫ್ಯಾನಿನ ಗಾಳಿ ಎಂದುಕೊಂಡಳು. ಬೆಳಗ್ಗೆ ಎದ್ದರೆ ಕಣ್ಣಿನೊಳಗೆ ಮರಳು ಹಾಕಿ ತಿಕ್ಕಿದಂತೆ. ಕೆಲಸಕ್ಕೆ ನಿಂತರೆ ಧಾರಾಕಾರ ನೀರು. ಕ್ಲಿನಿಕ್ಕಿಗೆ ಹೋದಾಗ, "ಬಿಗಿ ಇದೆ, ನಿಧಾನಕ್ಕೆ ಸಡಿಲ ಆಗುತ್ತೆ. ನೀವಿಕೊಳ್ಳಿ," ಎಂದರು. ಮತ್ತೆ ಹೋದಾಗಲೂ ಅದೇ ಮಾತು. ಅದರ ನಂತರ ಹೋದಾಗ ಬಾಗಿಲಲ್ಲಿ ಕೂತ ಹುಡುಗಿ, ಡಾಕ್ಟರು ಊರಲ್ಲಿಲ್ಲ ಎಂದಳು. ಒಳಗಿನಿಂದ ಅವರ ಕೆಮ್ಮು ಕೇಳಿಸುತ್ತಿತ್ತು.

ಒಂದು ರಜೆಯ ಮಧ್ಯಾಹ್ನ ಊಟ ಮಾಡಿ ಮಲಗಿದ್ದಳು. ಗಂಡ ಅವಳನ್ನು ಏನೋ ಕೇಳಿದ. ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಅವಳಿಗೆ ಗಾಢ ನಿದ್ದೆ, ಎಡಗಣ್ಣು ಮಾತ್ರ ತೆರೆದಿತ್ತು. ರೆಪ್ಪೆಯ ಕೆಳಗೆ ಬಿಳಿಗುಡ್ಡೆ ಕಾಣುತ್ತಿತ್ತು. ಅವನು ಹೆದರಿ ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡಿದ. ಎದ್ದ ಮೇಲೆ ಹೇಳುವಾಗ ತಮಾಷೆ ಮಾಡಲು ಹೋದ, "ನಿದ್ದೇಲೂ ನನ್ನ ಕಾವಲು ಕಾಯ್ತೀಯಾ?" ಎಂದ.

ಆ ವಾರವೇ ಅವಳು ಒಂದು ಉಣ್ಣೆ ಕೋಟಿನ ಮುಂಭಾಗ ಕತ್ತರಿಸುತ್ತಿದ್ದಾಗ ಕಣ್ಣೀರು ಸೀಮೆಸುಣ್ಣದ ಗೆರೆಯ ಮೇಲೆ ತೊಟ್ಟಿಕ್ಕಿ ಗೆರೆ ಕಲಸಿಹೋಯಿತು. ಕತ್ತರಿ ನಿಲ್ಲಿಸುವಷ್ಟರಲ್ಲಿ ಅದು ಗೆರೆ ದಾಟಿ ಬಟ್ಟೆಯೊಳಕ್ಕೆ ಕಚ್ಚಿತ್ತು. ಯಜಮಾನರು ಬೈಯಲಿಲ್ಲ. "ಕಣ್ಣು ಸರಿಮಾಡ್ಕೊಂಡು ಬಾಮ್ಮ," ಎಂದರು. ಹಿಂದಿನ ಕೋಣೆಯಲ್ಲಿ ಕೂತರೆ ಸೂಜಿಯ ಕಣ್ಣೂ ಕಾಣದು. ಕಾಜಕ್ಕನೇ ದಾರ ಪೋಣಿಸಿ ಕೊಡುತ್ತಿದ್ದಳು. ಗಲ್ಲ ತೋರಿಸಿದ್ದ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಾಲರಕ್ಕ ಮಾಸ್ಟರ ಮನೆಗೆ ಹೋದಳು. ಅವರು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

"ಕಣ್ಣು ಮುಚ್ಚು."

ಮುಚ್ಚಿದಳು.

"ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲೇ. ಹೊಲಿಗೆ ಚೆನ್ನಾಗಿದೆ. ಕತ್ತರಿ ಎಲ್ಲಿ ಕಲಿತನಂತೆ ಇವನು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವನನ್ನ ಕೇಳಲಿಲ್ವಾ?"

"ಹೊಲಿಗೆ ನೋಡಿದೆ," ಎಂದಳು.

ಮಾಸ್ಟರು ಚೀಲವನ್ನು ಇನ್ನೊಂದು ಮಂಡಿಗೆ ಸರಿಸಿಕೊಂಡರು. ಹೊಲಿಯುವವಳಾಗಿ ಇಷ್ಟು ವರ್ಷ ಯಾವ ಮೇಜಿಗಾಗಿ ಕಾದಳೋ, ಆ ಮೇಜಿನಲ್ಲಿ ಕಲಿತ ಪಾಠವನ್ನೇ ಮರೆತು ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಬಂದಿದ್ದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಗುರುತು ಹಿಡಿದರು. ಅವತ್ತೇ ಹೇಳಿದ್ದೆನಲ್ಲ ಎನ್ನಲಿಲ್ಲ. ಕೋಟಿನ ಆ ಗುಂಡಿ ಈಗ ಬಿದ್ದೇ ಹೋಗಿತ್ತು, ಅಲ್ಲಿ ಪಿನ್ನು ಸಿಕ್ಕಿಸಿದ್ದರು. ಕಾಲರಕ್ಕ ಪಿನ್ನನ್ನು ನೋಡಿ ತಲೆ ತಗ್ಗಿಸಿದಳು.

"ಕಪ್ಪುಗುಡ್ಡೆಯ ಮೇಲೆ ಗಾಯ ಶುರುವಾಗಿದೆ. ತಡ ಮಾಡಿದ್ರೆ ದೃಷ್ಟಿಗೇ ಸಂಚಕಾರ," ಎಂದರು ಅವರು. "ಚರ್ಮ ಹೆಚ್ಚು ತೆಗೆದುಬಿಟ್ಟಿದ್ದಾರೆ. ಕಿವಿ ಹಿಂದಿನಿಂದ ಒಂದು ತುಂಡು ತೆಗೆದು ಇಲ್ಲಿ ಸೇರಿಸಬೇಕು."

"ಅಂದ್ರೆ ತೇಪೆ."

"ಹೌದು, ತೇಪೆ. ಕಾಣುತ್ತೆ. ಕಾಣಲ್ಲ ಅಂತ ನಾನು ಹೇಳಲ್ಲ."

"ಆ ಕ್ಲಿನಿಕ್ಕಿನವರು ಡಾಕ್ಟರೇ ಅಲ್ವಾ ಹಾಗಾದ್ರೆ?" ಎಂದು ಗಂಡ ಕೇಳಿದ, ದನಿ ಏರಿಸಿ.

"ಡಾಕ್ಟರೇ. ಸೀಳಿದ ಗಾಯ ಚೆನ್ನಾಗಿ ಹೊಲೀತಾರೆ. ಈ ಕೆಲಸಕ್ಕೆ ಬೇರೆ ಕಲಿಕೆ ಬೇಕು, ವರ್ಷಗಟ್ಟಲೆ. ಯಾರು ಏನು ಕಲಿತಿದ್ದಾರೆ ಅಂತ ವೈದ್ಯರ ನೋಂದಣಿ ಕಚೇರೀಲಿ ವಿಚಾರಿಸಬಹುದು. ನಮ್ಮನ್ನೇ ನೇರ ಕೇಳಿದ್ರೂ ಆಗುತ್ತೆ. ಕೇಳಿದ್ರೆ ಸಿಟ್ಟು ಮಾಡೋರ ಹತ್ರ ಹೋಗಬೇಡಿ."

ಕಾಲರಕ್ಕ ತಲೆಯೆತ್ತಿದಳು. "ಹಾಗಾದ್ರೆ ಕೇಳ್ತೀನಿ. ಕತ್ತರಿಸೋದು ನೀವೇನಾ, ಇಲ್ಲಾ ನೀವು ನಿಂತ್ಕೊಂಡು ಬೇರೆಯವರ ಕೈಲಿ ಮಾಡಿಸ್ತೀರಾ?"

"ನಾನೇ."

"ಎಲ್ಲಿ ಕಲಿತ್ರಿ?"

ಡಾಕ್ಟರಮ್ಮ ಹೇಳಿದರು. ಎಲ್ಲಿ, ಯಾರ ಕೈಕೆಳಗೆ, ಎಷ್ಟು ಕಾಲ ಬರೀ ಪಕ್ಕದಲ್ಲಿ ನಿಂತು ನೋಡಿದ್ದು, ಎಲ್ಲವನ್ನೂ.

"ನೀವು ಮಾಡಿದ್ದು ಕೆಟ್ಟಿದ್ದೂ ಇದೆಯಾ?"

"ಇದೆ." ಅವರು ಅದನ್ನೂ ಹೇಳಿದರು. ಅಂಥ ಒಬ್ಬ ಹೆಂಗಸು ಈಗಲೂ ಬಂದು ಹೋಗುತ್ತಾಳೆಂದರು.

"ತುಂಡು ಎಷ್ಟು ಅಳತೆ ತೆಗೀತೀರಿ?"

"ಬೇಕಾದ್ದಕ್ಕಿಂತ ಒಂಚೂರು ದೊಡ್ಡದೇ. ಚರ್ಮ ಆಮೇಲೆ ಕುಗ್ಗುತ್ತೆ."

ಕಾಲರಕ್ಕ ಗಂಡನ ಕಡೆ ತಿರುಗಿದಳು. "ನಾವೂ ಹೊಸ ಬಟ್ಟೆ ನೀರಲ್ಲಿ ನೆನೆಸಿ, ಕುಗ್ಗೋದು ಕುಗ್ಗಿದ ಮೇಲೇ ಕತ್ತರಿಸೋದು," ಎಂದಳು. ಆ ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಅಳುತ್ತಿದ್ದಾಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ತೇಪೆ ಹಿಡಿಯಿತು. ಗಾಯ ಮಾಗಿ ದೃಷ್ಟಿ ಉಳಿಯಿತು. ರೆಪ್ಪೆಯ ಮೇಲೆ ಮಾತ್ರ ಬೇರೆ ಬಣ್ಣದ ಒಂದು ತುಂಡು, ಹತ್ತಿರ ಬಂದವರೆಲ್ಲ ಒಮ್ಮೆ ನೋಡಿ ಬೇರೆಡೆ ತಿರುಗುವಂತೆ. ಗಾಜಿನ ಪಕ್ಕದ ಮೇಜಿಗೆ ಅಷ್ಟರಲ್ಲಿ ಹೊರಗಿನಿಂದ ಒಬ್ಬನನ್ನು ತಂದಿದ್ದರು. ಅವನು ಒಳಗೆ ಬಟ್ಟೆ ಬಿಡುವುದು ಕಡಿಮೆ ಎಂದು ಜೇಬಣ್ಣ ಚಾಡಿ ಹೇಳಿದಾಗ ಕಾಲರಕ್ಕ ಕೈಲಿದ್ದ ಕಾಲರನ್ನು ತಿರುಗಿಸಿ ಹೊಲಿಗೆ ಮುಂದುವರಿಸಿದಳು.

ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲಿನ ಮೊದಲ ರಜೆಯ ಮಧ್ಯಾಹ್ನ ಅವಳು ಮಲಗಿದಳು. ಗಂಡ ಕಣ್ಣಿಗೆ ಬಿಡುವ ಹನಿಯ ಸೀಸೆ ಹಿಡಿದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡ.

"ಮುಚ್ಚಿದೆಯಾ?" ಎಂದಳು.

"ಪೂರ್ತಿ ಮುಚ್ಚಿದೆ. ಮಲಕ್ಕೋ."

ಎಡಗಣ್ಣಿನ ರೆಪ್ಪೆಯ ಅಡಿಯಲ್ಲಿ ದಾರದ ಎಳೆಯಷ್ಟು ಬೆಳಕು ಉಳಿದಿತ್ತು. ಆ ಎಳೆಯಲ್ಲಿ ಅವನ ಕೈ ಕಾಣುತ್ತಿತ್ತು, ಸೀಸೆಯ ಮುಚ್ಚಳ ತೆಗೆದು, ಅವಳಿಗೆ ನಿದ್ದೆ ಹತ್ತಿದ ಮೇಲೆ ಆ ಸಂದಿಗೆ ಹನಿ ಬಿಡಲು ಕಾಯುತ್ತಿದ್ದ ಕೈ. ತನಗೆ ಕಾಣುತ್ತಿದೆ ಎಂದು ಕಾಲರಕ್ಕ ಅವನಿಗೆ ಹೇಳಲಿಲ್ಲ.