ನೋಡದೆ ಹೇಳಿದ ಅಳತೆ

ಅಂಗೈಯಿಂದ ಆ ವಾಸನೆ ಇನ್ನೂ ಹೋಗಿಲ್ಲ. ಹಳೇ ಗ್ರೀಸು, ಸೀಮೆಎಣ್ಣೆ, ಎರಡರ ತಳದಲ್ಲಿ ತುಕ್ಕು. ಸೋಪು ಹಾಕಿದೆ, ಹುಣಸೆಹಣ್ಣು ತಿಕ್ಕಿದೆ. "ಸತ್ತ ಹೆಗ್ಗಣ ಏನಾದ್ರೂ ಎತ್ತಿದ್ಯೇನೋ?" ಎಂದು ಅಮ್ಮ ಕೇಳಿದಳು. ಅಮ್ಮ ಒಂದು ಮಾತಾಡಿದರೆ ಅದನ್ನೇ ಅವಳ ದನಿಯಲ್ಲಿ, ಕೊನೆಯ ಎಳೆತವೂ ಸೇರಿದಂತೆ, ಅವಳಿಗೇ ವಾಪಸ್ ಒಪ್ಪಿಸುವುದು ನನ್ನ ಚಾಳಿ. ಈ ಸಲ ಸುಮ್ಮನಿದ್ದೆ. ಅವಳಿಗೆ ವಾಸನೆಗಿಂತ ಅದೇ ಹೆಚ್ಚು ಗಾಬರಿ ಹುಟ್ಟಿಸಿತು.

ಕಳೆದ ಭಾನುವಾರ ನಾನು ಕೈಯಲ್ಲಿ ಹಿಡಿದದ್ದು ಹೆಗ್ಗಣವಲ್ಲ, ಗೂಟಗಳ ಗೊಂಚಲು. ದಪ್ಪ ತಂತಿಯ ಬಳೆಗೆ ಪೋಣಿಸಿದ ಬೆರಳುದ್ದದ ಉಕ್ಕಿನ ಗೂಟಗಳು. ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ದಪ್ಪ. ಒಂದೊಂದರ ನೆತ್ತಿಯ ಮೇಲೂ ಅದರ ಅಳತೆ ಕೊರೆದಿದೆ. ಅರಸೀಕೆರೆಯಲ್ಲಿ ಇಂಥ ಗೊಂಚಲು ಇದ್ದದ್ದು ಒಬ್ಬರೇ ಒಬ್ಬರ ಹತ್ತಿರ. ಸೈಕಲ್ ಅಂಗಡಿಯ ಯಜಮಾನರು...

ನಾನು ಕೆಲಸ ಮಾಡುವ ಪಾರ್ಸೆಲ್ ಆಫೀಸಿಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಕಡಿಮೆ, ಕುರ್ಚಿ ಇನ್ನೂ ಕಡಿಮೆ; ಹಾಗಾಗಿ ಅರ್ಧ ದಿನ ಅವರ ಬೆಂಚಿನ ಮೇಲೆಯೇ ಇರುತ್ತಿದ್ದೆ. ಬೇಲೂರು ಬಸ್ಸಿನ ಕಂಡಕ್ಟರ್, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹೆಂಗಸು, ಹಳೇಬೀಡಿನಲ್ಲಿ ನಂದಿಯ ಮುಂದೆ ನಿಂತು ನಾಲ್ಕು ಭಾಷೆಯಲ್ಲಿ ಒಂದೇ ಸುಳ್ಳು ಹೇಳುವ ಗೈಡು, ಎಲ್ಲರನ್ನೂ ಅಲ್ಲಿ ಕೂತೇ ಮಾಡುತ್ತಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ. ಪಿಯುಸಿಯಲ್ಲಿ ಎರಡು ಸಲ ಫೇಲಾದವನು ಮೂರನೇ ಸಲದ ರಿಸಲ್ಟ್ ಅನ್ನು ಅಪ್ಪನಿಗೆ ಹೇಳುವ ದೃಶ್ಯಕ್ಕೆ ಪಕ್ಕದ ಟೀ ಅಂಗಡಿಯವರು ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತಿದ್ದರು. ಯಜಮಾನರು ನಗುತ್ತಿರಲಿಲ್ಲ. ಮೂಗಿನಲ್ಲಿ ಸಣ್ಣಗೆ ಗಾಳಿ ಬಿಡುತ್ತಿದ್ದರು. ನನಗೆ ಅದೇ ಚಪ್ಪಾಳೆ.

ಊರಿನ ಕರಿ ಸೈಕಲ್ಲುಗಳ ಪಂಕ್ಚರ್ ಅವರ ಹೊಟ್ಟೆಪಾಡು. ಹೆಸರು ಬಂದಿದ್ದು ಬೇರೆಯದಕ್ಕೆ. ಐವತ್ತು ವರ್ಷ ಹಳೆಯ ವಿದೇಶಿ ರೇಸಿಂಗ್ ಸೈಕಲ್ಲುಗಳ ಹುಚ್ಚು ಹಿಡಿಸಿಕೊಂಡವರು ಹಾಸನದಿಂದ, ತುಮಕೂರಿನಿಂದ, ಬೆಂಗಳೂರಿನಿಂದ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಫ್ರೇಮಿನ ಸ್ಟಿಕರ್ ಉದುರಿಹೋಗಿರುತ್ತಿತ್ತು, ಬಣ್ಣ ಮೂರು ಸಲ ಬಳಿದಿರುತ್ತಿತ್ತು. ಇದು ಯಾವ ಉಕ್ಕು? ಇದಕ್ಕೆ ಎಷ್ಟು ದಪ್ಪದ ಸೀಟ್ ಪಿಲ್ಲರ್, ಅಂದರೆ ಸೀಟನ್ನು ಹೊತ್ತು ಪೈಪಿನೊಳಗೆ ಇಳಿಯುವ ಆ ಕಂಬ, ಕೂರುತ್ತದೆ? ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ ಎನ್ನುತ್ತಿದ್ದರು ಯಜಮಾನರು. "ಬಣ್ಣ ಸುಳ್ಳು ಹೇಳ್ತದೆ, ಸ್ಟಿಕರ್ ಸುಳ್ಳು ಹೇಳ್ತದೆ. ಪೈಪಿನ ಬಾಯಿ ಸುಳ್ಳು ಹೇಳಾಕಿಲ್ಲ ಕಣ್ಲಾ." ಹೊರಗಿನಿಂದ ಹೆಚ್ಚುಕಮ್ಮಿ ಎಲ್ಲ ಪೈಪೂ ಒಂದೇ ದಪ್ಪ. ಒಳಗಿನ ಬಾಯಿ ಅಗಲವಾದಷ್ಟೂ ಗೋಡೆ ತೆಳು; ಅಷ್ಟು ತೆಳುವಾಗಿಯೂ ತಡೆಯಬೇಕಾದರೆ ಉಕ್ಕು ಮೇಲ್ದರ್ಜೆಯದಾಗಿರಲೇಬೇಕು. ಇಪ್ಪತ್ತೇಳು ಪಾಯಿಂಟ್ ಎರಡು ಮಿಲಿಮೀಟರಿನ ಗೂಟ ಇಳಿದರೆ ಅದು ಒಳ್ಳೆಯ ಮನೆತನದ ಸೈಕಲ್ಲು. ಇಪ್ಪತ್ತಾರಕ್ಕೇ ನಿಂತರೆ ದಪ್ಪ ಚರ್ಮದ್ದು.

ಅವರು ಮೊದಲು ಬಾಯಿಯ ತುಕ್ಕು ಒರೆಸಿ, ಒಳಗೆ ಕಿರುಬೆರಳು ಆಡಿಸಿ, ಬೋಲ್ಟು ಬಿಗಿಯಲೆಂದು ಬಾಯಿಯ ಹಿಂಬದಿಗೆ ಬಿಟ್ಟಿರುವ ಸೀಳು ಕಿರಿದಾಗಿ ಮುಚ್ಚಿಕೊಂಡಿದೆಯಾ ನೋಡುತ್ತಿದ್ದರು. ಮುಚ್ಚಿಕೊಂಡಿದ್ದರೆ ಯಾರೋ ಸಣ್ಣ ಪಿಲ್ಲರ್ ತುರುಕಿ ಬೋಲ್ಟು ಹಿಂಡಿದ್ದಾರೆ ಎಂದರ್ಥ. ಆಮೇಲೆ ಒಂದು ಕಡ್ಡಿಯಿಂದ ಪೈಪಿಗೆ ತಟ್ಟಿ ಕಿವಿಗೊಡುತ್ತಿದ್ದರು. ಗೂಟ ಬರುತ್ತಿದ್ದದ್ದು ಕೊನೆಗೆ. ಸರಿಯಾದ ಗೂಟ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತಿತ್ತು. ಒಳಗಿನ ಗಾಳಿ 'ಉಸ್ಸ್' ಎಂದು ಹೊರಗೆ ಬರುತ್ತಿತ್ತು. ಆ ಉಸಿರನ್ನೂ ನಾನು ಮಾಡುತ್ತಿದ್ದೆ. ಯಜಮಾನರ ದನಿಯಂತೂ ನನ್ನ ಕಿಸೆಯಲ್ಲೇ ಇತ್ತು: ಎಲೆ ಅಡಿಕೆ ಒಂದು ಕೆನ್ನೆಗೆ ತಳ್ಳಿ, ಗಂಟಲಿನ ಅಡಿಯಿಂದ, ಕೊನೆಯ ಶಬ್ದ ನುಂಗಿ...

ಅವರದೊಂದು ನೇಮವಿತ್ತು. ಫೋನಿನಲ್ಲಿ ಅಳತೆ ಹೇಳುತ್ತಿರಲಿಲ್ಲ. ಫೋಟೋ ಕಳಿಸಿದರೂ ಇಲ್ಲ. "ಸೈಕಲ್ ತಗಂಡ್ ಬನ್ನಿ. ನೋಡ್ದೆ ನಾನು ನಂಬರ್ ಹೇಳಾಕಿಲ್ಲ." ಎಷ್ಟು ದೊಡ್ಡವರು ಕೇಳಿದರೂ ಇಷ್ಟೇ.

ನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಅವರು ಬಾಣಾವರದಲ್ಲಿರುವ ಮಗಳ ಮನೆಗೆ ಹೊರಟರು. "ಮಧ್ಯಾಹ್ನಕ್ಕೆ ಬತ್ತೀನಿ, ಅಂಗ್ಡಿ ಕಡೆ ಕಣ್ಣಿಟ್ಟಿರ್ಲಾ" ಎಂದು ಹೋದವರು ಫೋನನ್ನು ಡಬ್ಬಗಳ ನಡುವೆ ಮರೆತಿದ್ದರು. ಹನ್ನೊಂದರ ಹೊತ್ತಿಗೆ ಅದು ಬಡಿದುಕೊಂಡಿತು. ಟೀ ಅಂಗಡಿಯವರು ಎದುರಿಗೇ ಇದ್ದರು. ಪ್ರೇಕ್ಷಕರಿದ್ದರೆ ನನಗೆ ಇನ್ನೇನು ಬೇಕು. ಎತ್ತಿದೆ. ಅವರ ದನಿಯಲ್ಲಿ "ಯಾರ್ರೀ?" ಅಂದೆ.

ಬೇಲೂರಿನ ಡ್ರಾಯಿಂಗ್ ಮೇಷ್ಟ್ರು. ಅಂಗಡಿಗೆ ಒಂದೆರಡು ಸಲ ಬಂದಿದ್ದರು, ಹೊಸದಾಗಿ ಕೊಂಡ ಹಳೇ ರೇಸಿಂಗ್ ಸೈಕಲ್ಲನ್ನು ಮಾತ್ರ ಇನ್ನೂ ತಂದಿರಲಿಲ್ಲ. ಮಗುವಿನ ಹಾಗೆ ಸಂಭ್ರಮದಲ್ಲಿದ್ದರು. "ಯಜಮಾನ್ರೇ, ಇಪ್ಪತ್ತಾರು ಪಾಯಿಂಟ್ ಎಂಟರ ಪಿಲ್ಲರ್ ಒಂದು ಸಿಕ್ಕಿದೆ. ಚೂರು ಅಲ್ಲಾಡ್ತದೆ. ನಡೀತದಾ?"

ಆ ವಾರವಷ್ಟೇ ಹಾಲಿನವನ ಕರಿ ಸೈಕಲ್ಲನ್ನು ಕಣ್ಣಾರೆ ನೋಡಿ ಯಜಮಾನರು ಹೇಳಿದ್ದ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಒಂದಕ್ಷರ ಬಿಡದೆ ಹೇಳಿದೆ. "ಅದೇ ಹಾಕ್ಕಳಿ ಮೇಷ್ಟ್ರೇ. ಒಂದ್ ಸುತ್ತು ತಗಡು ಸುತ್ತಿ, ಬೋಲ್ಟ್ ಬಿಗೀರಿ. ನಿಮ್ ಮೊಮ್ಮಗನ ಕಾಲಕ್ಕೂ ಏನೂ ಆಗಾಕಿಲ್ಲ." ಮೇಷ್ಟ್ರು ಥ್ಯಾಂಕ್ಸ್ ಮೇಲೆ ಥ್ಯಾಂಕ್ಸ್ ಹೇಳಿ ಇಟ್ಟರು. ಟೀ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಬಂದ ಮೇಲೆ ಹೇಳೋಣ ಎಂದುಕೊಂಡೆ. ಅವರು ಬರುವ ಹೊತ್ತಿಗೆ ಪಾರ್ಸೆಲ್ ಲಾರಿ ಬಂತು... ಮರೆತೆ. ಮರೆತದ್ದೇ ನಿಜ, ಯಾರೂ ನಂಬಬೇಕಾಗಿಲ್ಲ.

ದಪ್ಪ ಪೈಪಿನ ಕರಿ ಸೈಕಲ್ಲು ತಗಡನ್ನು ತಡೆಯುತ್ತದೆ. ಮೇಷ್ಟ್ರ ರೇಸಿಂಗ್ ಸೈಕಲ್ಲಿನಂಥ ತೆಳು ಪೈಪು ತಡೆಯುವುದಿಲ್ಲ. ಸಣ್ಣ ಪಿಲ್ಲರ್ ಒಳಗೆ ಮಿಸುಕುತ್ತ ಮಿಸುಕುತ್ತ ಪೈಪಿನ ಬಾಯಿಯನ್ನೇ ಸೀಳುತ್ತದೆ. ಮೇಷ್ಟ್ರು ದಿನಾ ಬೆಳಿಗ್ಗೆ ಹಳೇಬೀಡಿನ ತನಕ ಹೋಗಿ ಬರುತ್ತಿದ್ದರಂತೆ. ತಿಂಗಳು ತುಂಬುವುದರೊಳಗೆ ಒಂದು ಇಳಿಜಾರಿನಲ್ಲಿ ಸೀಟು ಕಂಬದ ಸಮೇತ ಹಿಂದಕ್ಕೆ ಮುರಿದು ಬಿತ್ತು. ಸೊಂಟದ ಮೂಳೆ ಹೋಯಿತು. ಎರಡು ಆಪರೇಷನ್ ಆದ ಮೇಲೂ ಎಡಗಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ.

ಫ್ರೇಮನ್ನು ಆಟೋದಲ್ಲಿ ಹಾಕಿಕೊಂಡು ಬಂದವರು ಮೇಷ್ಟ್ರ ಹೆಂಡತಿ. ನಾನು ಆಗ ಬೆಂಚಿನ ಮೇಲಿದ್ದೆ. ಆಕೆ ಕೂಗಾಡಲಿಲ್ಲ. "ನೀವೇ ಹೇಳಿದ್ರಂತೆ. ಶುಕ್ರವಾರ ಫೋನ್ ಮಾಡಿದ್ದು. ಅಣ್ಣನ ಸಮಾನ ಅಂತ ನಂಬಿದ್ರು ನಿಮ್ಮನ್ನ" ಎಂದಷ್ಟೇ ಹೇಳಿದರು.

ಯಜಮಾನರು ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಸೀಳಿದ ಬಾಯಿಯನ್ನು ಬೆರಳಿನಿಂದ ಸವರಿದರು. ಒಳಗಿನಿಂದ ಪೌಡರ್ ಡಬ್ಬದ ತಗಡಿನ ಚೂರು ಎಳೆದು ತೆಗೆದರು. ಅದರ ಮೇಲೆ ಗುಲಾಬಿಯ ಅರ್ಧ ಚಿತ್ರವಿತ್ತು. "ಯಾವ ಶುಕ್ರವಾರ ಕಣಮ್ಮ?" ಎಂದು ಕೇಳಿದರು. ಆಕೆ ಹೇಳಿದರು. ಯಜಮಾನರು ತಲೆ ಎತ್ತಿ ಆಕೆಯನ್ನಲ್ಲ, ನನ್ನನ್ನು ನೋಡಿದರು. ಬಾಣಾವರಕ್ಕೆ ಹೋದ ದಿನ ಅವರಿಗೆ ನೆನಪಿತ್ತು. ಆ ನೋಟ ಎಷ್ಟು ಹೊತ್ತು ಇತ್ತೋ... ನಾನು ಬಾಯಿ ಬಿಡಲು ಅಷ್ಟು ಹೊತ್ತು ಸಾಕಾಗಿತ್ತು. ಬಿಡಲಿಲ್ಲ.

"ಹೌದು ಕಣಮ್ಮ," ಅಂದರು ಯಜಮಾನರು. "ನೋಡ್ದೆ ಹೇಳ್ಬಿಟ್ಟೆ. ತಪ್ಪು ನಂದೇ."

ಆಟೋ ಹೋದ ಮೇಲೆ ನಾನು "ಯಜಮಾನ್ರೇ..." ಎಂದು ಶುರು ಮಾಡಿದೆ. ಅವರು ಗೂಟಗಳ ಗೊಂಚಲನ್ನು ಮೊಳೆಗೆ ನೇತು ಹಾಕುತ್ತಿದ್ದರು. ತಿರುಗದೆಯೇ ಕೇಳಿದರು:

"ಈಗ ಯಾರ್ ದನೀಲಿ ಮಾತಾಡ್ತಿದ್ದೀಯ? ನಂದಾ, ನಿಂದಾ?"

ನಾನು ಬೆಂಚಿನಿಂದ ಎದ್ದು ಗೋಡೆಯ ಈ ಕಡೆಗೆ ಬಂದೆ.

ಆ ಗೊಂಚಲು ಮೊಳೆಯಿಂದ ಮತ್ತೆ ಇಳಿಯಲಿಲ್ಲ. ಸೈಕಲ್ ಹುಚ್ಚಿನವರ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಓಡಾಡಿತು. ಅರಸೀಕೆರೆಯ ಮುದುಕ ಫೋನಿನಲ್ಲಿ ಬಾಯಿಗೆ ಬಂದದ್ದು ಹೇಳಿ ಒಬ್ಬರ ಸೊಂಟ ಮುರಿಸಿದ ಎಂದು. ಆವತ್ತು ನಕ್ಕಿದ್ದ ಟೀ ಅಂಗಡಿಯವರು ಆ ಫೋನಿಗೂ ಈ ಸುದ್ದಿಗೂ ಗಂಟು ಹಾಕಲಿಲ್ಲ. ಬರುವವರು ನಿಂತರು. ಅಪ್ಪಿತಪ್ಪಿ ಯಾರಾದರೂ ಫ್ರೇಮು ತಂದರೂ "ನಂಗ್ ಗೊತ್ತಾಗಾಕಿಲ್ಲ, ಬೇರೆ ಕಡೆ ತೋರ್ಸಿ" ಎನ್ನುತ್ತಿದ್ದರು. ಗೋಡೆಯ ಈ ಕಡೆ ಕೂತು ನಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಬೆಂಚಿಗೆ ಹೋಗುವುದನ್ನು ಬಿಟ್ಟೆ. ಟೀಗೆ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ಊರಿನಲ್ಲಿ ಎಲ್ಲರನ್ನೂ ಅಣಕಿಸಿ ಧೈರ್ಯವಂತ ಎನಿಸಿಕೊಂಡವನು, ಒಬ್ಬ ಮುದುಕನ ಅಂಗಡಿ ಮುಂದೆ ನಡೆಯಲಾರದೆ ಚರಂಡಿ ದಾಟುತ್ತಿದ್ದೆ.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಎದೆನೋವು ಅಂದರು... ನಾನು ಮಣ್ಣಿಗೂ ಹೋಗಲಿಲ್ಲ.

ಭಾನುವಾರ ಅಂಗಡಿ ಖಾಲಿ ಮಾಡಲು ಅವರ ಮಗಳು ಬಾಣಾವರದಿಂದ ಬಂದಿದ್ದರು. ನನ್ನನ್ನು ಕರೆದು ಗೊಂಚಲನ್ನು ಕೈಗಿಟ್ಟರು. "ಇದು ನೀನೇ ಇಟ್ಕ ತಮ್ಮಾ. ನಮಗ್ಯಾರಿಗೂ ಇದರ ತಲೆಬುಡ ತಿಳಿಯಲ್ಲ." ಆಮೇಲೆ ಸ್ವಲ್ಪ ಹಿಂಜರಿದು ಕೇಳಿದರು. "ನೀನು ಅಪ್ಪನ್ ಥರಾನೇ ಮಾತಾಡ್ತಿದ್ಯಂತೆ? ಯಾರ್ ಫೋನಲ್ಲೂ ಅಪ್ಪನ್ ದನಿ ಇಲ್ಲ ಕಣಪ್ಪ. ಒಂದ್ಸಲ ಮಾತಾಡು."

ಆಗುವುದಿಲ್ಲ ಎಂದೆ. ಆಕೆ ಕಾಯುತ್ತ ನಿಂತೇ ಇದ್ದರು. ನಾಲ್ಕು ವರ್ಷದಿಂದ ಮುಟ್ಟದ ದನಿ, ಕರೆದ ತಕ್ಷಣ ಬಂತು. "ಸೈಕಲ್ ತಗಂಡ್ ಬನ್ನಿ ಮೇಷ್ಟ್ರೇ. ನೋಡ್ದೆ ನಾನು ನಂಬರ್ ಹೇಳಾಕಿಲ್ಲ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ಒರೆಸಿಕೊಂಡ ಮೇಲೆ ಹೇಳಿದರು. "ಆವತ್ತೂ ಇದನ್ನೇ ಹೇಳಿದ್ರೆ ಆಗ್ತಿತ್ತು ನಮ್ಮಪ್ಪ. ಜೀವಮಾನದಲ್ಲಿ ಒಂದೇ ಒಂದ್ಸಲ ನೋಡ್ದೆ ಹೇಳಿ ಕೆಟ್ಟ."

ಆಗ ನಾನು ನನ್ನ ದನಿಯಲ್ಲಿ ಹೇಳಿದೆ. ಎಲ್ಲವನ್ನೂ. ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ: "ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ಕೈ ಚಾಚಿದರು. ಗೊಂಚಲು ಕೊಟ್ಟೆ. ಅದನ್ನು ಗೋಣಿಚೀಲದೊಳಗೆ, ಪಾತ್ರೆಗಳ ಮೇಲೆ ಇಟ್ಟು ಬಾಯಿ ಕಟ್ಟಿದರು. "ಹೊರಗೆ ನಲ್ಲಿ ಐತೆ," ಅಂದರು. "ಕೈ ತೊಳ್ಕಂಡ್ ಹೋಗಿ. ಬೇಲೂರಿಗೂ ಹೋಗಿ ಹೇಳಿ. ನಮ್ಮಪ್ಪನ್ ದನೀಲಲ್ಲ."

ನಾಳೆ ಮೊದಲ ಬಸ್ಸಿಗೆ ಹೊರಡುತ್ತಿದ್ದೇನೆ. ಆ ಬಸ್ಸಿನ ಕಂಡಕ್ಟರನ್ನು ಎಷ್ಟು ಸಲ ಅಣಕಿಸಿದ್ದೇನೋ. ಮೇಷ್ಟ್ರು ಬಾಗಿಲು ತೆಗೆದು "ಯಾರು?" ಎಂದು ಕೇಳುತ್ತಾರೆ. ಅವರು ನನ್ನ ಸ್ವಂತ ದನಿಯನ್ನು ಈವರೆಗೆ ಕೇಳಿಲ್ಲ. ಅವರಿಗಾದರೂ ಹೇಳಬಹುದು. ನಾನು ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವರು ಗೋಡೆಯ ಆ ಕಡೆ ನಾಲ್ಕು ವರ್ಷ ಇದ್ದರು... ಈಗ ಅಲ್ಲಿ ಬೀಗ ಹಾಕಿದೆ.