ಲಂಗರು ಎತ್ತದ ಭಾವ

ನಮ್ಮ ಭಾವ ಇಪ್ಪತ್ತಾರು ವರ್ಷದಿಂದ ಜನರನ್ನು ಸಮುದ್ರದಲ್ಲಿ ಮುಳುಗಿಸುತ್ತಿದ್ದಾರೆ, ತಾವು ಮಾತ್ರ ಒಂದು ಸಲವೂ ಮುಳುಗಿಲ್ಲ. ಚಿಕ್ಕಂದಿನಲ್ಲೇ ಎಡಗಿವಿಯ ತಮಟೆ ತೂತಾಗಿತ್ತಂತೆ. ಎರಡಾಳು ನೀರಿನ ಕೆಳಗೆ ಹೋದರೆ ತಲೆಯೇ ಒಡೆಯುತ್ತದೆ ಎನ್ನುತ್ತಾರೆ. ನನ್ನ ಅಕ್ಕ ಇದನ್ನು ನಂಬುವುದಿಲ್ಲ. ಮದುವೆಯಾದ ಹೊಸತರಲ್ಲಿ ಸೊಂಟದ ಮೇಲೆ ನೀರು ಬಂದಾಗಲೇ ಇವರು ತನ್ನ ಹೆಸರು ಹಿಡಿದು ಕೂಗಿದ್ದರು ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಭಾವ ಅದಕ್ಕೂ ನಗುತ್ತಾರೆ. ಜಗಳಕ್ಕೆ ಕರೆದರೂ ಬರದ ಮನುಷ್ಯ, ನನಗಂತೂ ಇದರಿಂದ ಎಷ್ಟೋ ಸಲ ಮೈ ಉರಿದಿದೆ.

ನಮ್ಮದು ಬಾಡಿಗೆ ದೋಣಿ. ಸಮುದ್ರದ ತಳ ನೋಡಬೇಕೆನ್ನುವವರನ್ನು ಕರೆದೊಯ್ದು ಬಂಡೆಯ ಪಕ್ಕ ಲಂಗರು ಹಾಕುತ್ತೇವೆ. ಅವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಾರೆ, ಮುಕ್ಕಾಲು ಗಂಟೆಗೆ ಹತ್ತುತ್ತಾರೆ, ವಾಪಸ್ ತಂದು ಬಿಡುತ್ತೇವೆ. ನೀರಿನೊಳಗೆ ಗೈಡ್ ಬರುವುದಿಲ್ಲ. ಕೈ ಹಿಡಿದು ಮೀನು ತೋರಿಸುವವರು ಬೇಕೆಂದರೆ ಪಕ್ಕದಲ್ಲಿ ದೋಣಿಗಳು ನಿಲ್ಲುವ ಇನ್ನೊಂದು ಧಕ್ಕೆಯಲ್ಲಿ ಬೇರೆ ಕಂಪನಿಗಳಿವೆ. ನಮ್ಮಲ್ಲಿ ಡೈವಿಂಗ್ ಕಲಿತ ಕಾರ್ಡು ತೋರಿಸಬೇಕು, ಜೋಡಿಯಾಗಿ ಇಳಿಯಬೇಕು, ಜೋಡಿಯಾಗಿ ಹತ್ತಬೇಕು. ನಡುವಿನದೆಲ್ಲ ಅವರವರ ತಲೆನೋವು. ಅಕ್ಕ ಧಕ್ಕೆಯ ಮೇಲಿನ ತಗಡಿನ ಕೋಣೆಯಲ್ಲಿ ಕೂತು ಕಾರ್ಡು ನೋಡಿ ಸಹಿ ಹಾಕಿಸಿಕೊಳ್ಳುತ್ತಾಳೆ. ತಂಗಿ ನಾನು ಹಿಂದಿನ ಶೆಡ್ಡಿನಲ್ಲಿ ಕಂಪ್ರೆಸರ್ ನಡೆಸಿ ಸಿಲಿಂಡರ್ ತುಂಬುತ್ತೇನೆ, ಆಮೇಲೆ ದೋಣಿಯಲ್ಲಿ ಹಗ್ಗ, ಏಣಿ ನೋಡಿಕೊಳ್ಳುತ್ತೇನೆ. ದೋಣಿ ನಡೆಸುವುದು ಭಾವ.

ಅವರ ಕೆಲಸ ನೋಡಿದವರಿಗೆ ಕೆಲಸವೇ ಇಲ್ಲವೆನಿಸುತ್ತದೆ. ಜನ ಇಳಿದ ಮೇಲೆ ಒಂದು ಸ್ಟೂಲು ಹಾಕಿಕೊಂಡು ನೀರು ನೋಡುತ್ತಾ ಕೂರುತ್ತಾರೆ. ಆದರೆ ಅವರು ನೋಡುವುದು ಗುಳ್ಳೆಗಳನ್ನು. ಕೆಳಗಿರುವವರು ಉಸಿರು ಬಿಟ್ಟಾಗ ಮೇಲೆ ಬರುವ ಗುಳ್ಳೆ ನೋಡಿ ಯಾವ ಜೋಡಿ ಎಲ್ಲಿದೆ, ಯಾರು ಗಾಬರಿಯಲ್ಲಿ ಉಸಿರಾಡುತ್ತಿದ್ದಾರೆ, ಯಾರ ಗಾಳಿ ಬೇಗ ಮುಗಿಯುತ್ತದೆ ಎಂದು ಹೇಳಿಬಿಡುತ್ತಾರೆ. ನನಗೆ ಇಷ್ಟು ವರ್ಷವಾದರೂ ಅದು ಕುದಿಯುವ ನೀರಿನಂತೆಯೇ ಕಾಣುವುದು.

ಇಳಿಯುವ ಮೊದಲು ಭಾವ ಒಂದು ಭಾಷಣ ಮಾಡುತ್ತಾರೆ. ಇಪ್ಪತ್ತಾರು ವರ್ಷದಿಂದ ಅದೇ ಭಾಷಣ, ಅದೇ ಕ್ರಮ. ಮೊದಲು ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ನೋಡುವುದು, ಆಮೇಲೆ ಜೋಡಿ ಬಿಡಬಾರದೆನ್ನುವುದು, ಕಳೆದುಹೋದರೆ ಗಾಳಿ ಊದಿ ನೀರಿನ ಮೇಲೆ ನಿಲ್ಲಿಸುವ ಕೇಸರಿ ಟ್ಯೂಬು, ಸೀಟಿ. ಕೊನೆಯಲ್ಲಿ ಮೂರು ಮಾತು. ಈ ಲಂಗರಿನ ಹಗ್ಗ ಹಿಡಿದೇ ಇಳಿಯಿರಿ, ಇದನ್ನೇ ಹಿಡಿದು ಹತ್ತಿರಿ, ಹಗ್ಗ ಎಲ್ಲಿರುತ್ತದೋ ದೋಣಿ ಅಲ್ಲಿರುತ್ತದೆ. ಇವತ್ತು ನೀರಿನ ಸೆಳೆತ ಇಂಥ ಕಡೆಗಿದೆ, ಮೊದಲು ಅದಕ್ಕೆ ಎದುರಾಗಿ ಹೋಗಿ, ಬರುವಾಗ ಅದೇ ತಳ್ಳಿಕೊಂಡು ಬರುತ್ತದೆ. ಏಣಿಯನ್ನು ಬಡಿದ ಸದ್ದು ಕೇಳಿದರೆ ಅಲ್ಲಿಗೇ ಬಿಟ್ಟು ಮೇಲೆ ಬನ್ನಿ.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ನಾವು ಕರೆಯುವುದು ಚಿನಕುರುಳಿ ಎಂದು, ಅಷ್ಟು ಬಾಯಿ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಇಪ್ಪತ್ತೆರಡು ತುಂಬಿದ ಮೇಲೆ, ಅಪ್ಪ ನೋಡದ್ದನ್ನು ನಾನು ನೋಡುತ್ತೇನೆ ಎಂದು ಹಟ ಹಿಡಿದು, ಈಜುಕೊಳದಲ್ಲಿ ಎರಡು ವಾರ, ಕೊಲ್ಲಿಯ ನಿಂತ ನೀರಿನಲ್ಲಿ ಎರಡು ದಿನ ಕಲಿತು ಕಾರ್ಡು ತಂದಳು. ಮೂರೇ ವಾರಕ್ಕೆ ನಮ್ಮ ದೋಣಿಯಲ್ಲೇ ಹೆಸರು ಬರೆಸಿದಳು. ಗೈಡ್ ಇರುವ ಕಡೆ ಒಂದೆರಡು ಸಲ ಹೋಗಿ ಬಾ ಎಂದು ಅಕ್ಕ ಹೇಳಿದ್ದಕ್ಕೆ, ಆ ಬಂಡೆ ನನಗೆ ನಮ್ಮ ಅಡುಗೆಮನೆಗಿಂತ ಚೆನ್ನಾಗಿ ಗೊತ್ತು ಎಂದಳು. ಗೊತ್ತಿದ್ದದ್ದು ಹೌದು, ಮೇಲಿನಿಂದ.

ಆ ದಿನ ದೋಣಿಯಲ್ಲಿ ನಾಲ್ವರು, ನಾಲ್ವರೂ ಹೊಸಬರು. ಗಂಡ ಹೆಂಡತಿ ಒಂದು ಜೋಡಿ. ಚಿನಕುರುಳಿಗೆ ಒಬ್ಬ ಅಂಚೆ ಗುಮಾಸ್ತ ಜೋಡಿ, ಆ ಬೆಳಿಗ್ಗೆಯಷ್ಟೇ ಮುಖ ನೋಡಿದವನು. ಲಂಗರು ಬಿದ್ದು ಹಗ್ಗ ಬಿಗಿಯುತ್ತಲೇ ಭಾವ ಹುಬ್ಬು ಗಂಟಿಕ್ಕಿದರು. ಸೆಳೆತ ಎಂದಿನ ದಿಕ್ಕಿಗೆ ಇರಲಿಲ್ಲ, ತೆರೆದ ಸಮುದ್ರದ ಕಡೆಗೆ ಎಳೆಯುತ್ತಿತ್ತು. ಹಾಗೆಂದು ನನಗೂ ಹೇಳಿದರು. ಆಮೇಲೆ ಭಾಷಣ ಶುರು ಮಾಡಿದರು. ಅವರು ಒಂದು ಮಾತು ಹೇಳುವಷ್ಟರಲ್ಲಿ ಮಗಳು ಮುಂದಿನದನ್ನು ಅವರದೇ ಧಾಟಿಯಲ್ಲಿ ಹೇಳತೊಡಗಿದಳು. ಉಳಿದವರು ನಕ್ಕರು, ನಾನೂ ನಕ್ಕೆ. ಹಗ್ಗದ ಮಾತಿಗೆ ಬರುವ ಹೊತ್ತಿಗೆ ಅವಳು, ಸಾಕಪ್ಪ, ಇದೆಲ್ಲ ನನಗೆ ಬಾಯಿಪಾಠ, ಎಂದು ಮಾಸ್ಕ್ ಎಳೆದುಕೊಂಡಳು. ಭಾವ ನಾಚಿಕೊಂಡರು. ಮಗಳ ಮೊದಲ ದಿನ, ಪರರ ಮುಂದೆ ಅವಳಿಗೆ ಮುಜುಗರ ಮಾಡುವುದು ಬೇಡವೆನಿಸಿತೇನೋ, ಹಗ್ಗದ ಮಾತು ಮುಗಿಸಿ ಕೈಬಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಕೊನೆಯ ಎರಡು ಮಾತು ಬಾಯಲ್ಲೇ ಉಳಿದವು.

ಚಿನಕುರುಳಿ ಮತ್ತು ಗುಮಾಸ್ತ ಮೊದಲು ಇಳಿದರು. ಗಂಡ ಹೆಂಡತಿಯ ಸೊಂಟದ ಪಟ್ಟಿ ಸರಿಯಾಗದೆ ಅವರು ಹಿಂದುಳಿದರು. ಆ ಹೆಂಗಸು ಏಣಿಯ ಮೇಲೆ ನಿಂತು ಯಾವ ಕಡೆ ಹೋಗುವುದು ಎಂದು ಕೇಳಿದಳು. ಭಾವ ಕೈ ತೋರಿಸಿದರು. ಅವರು ಸರಿಯಾದ ಕಡೆಗೇ ಹೋದರು. ಆಗಲೇ ಭಾವನಿಗೆ ಇನ್ನೊಂದು ಜೋಡಿಯ ನೆನಪಾಗಿ ಗುಳ್ಳೆ ಹುಡುಕಿದರು. ಆ ಗುಳ್ಳೆಗಳು ಬಂಡೆಯ ಬಲಕ್ಕೆ, ಎಂದಿನ ದಾರಿಯಲ್ಲಿ, ಸೆಳೆತದ ಜೊತೆಗೇ ಹೋಗುತ್ತಿದ್ದವು. ಭಾವ ಸ್ಟೂಲಿನಿಂದ ಎದ್ದರು, ಮತ್ತೆ ಕೂರಲಿಲ್ಲ.

ಹತ್ತು ನಿಮಿಷಕ್ಕೆ ಗುಮಾಸ್ತ ಒಬ್ಬನೇ ಹಗ್ಗ ಹಿಡಿದು ಮೇಲೆ ಬಂದ. ಕಿವಿ ನೋಯುತ್ತಿತ್ತಂತೆ, ತಾನು ಬೇಗನೆ ಹಿಂದೆ ತಿರುಗಿದನಂತೆ. ಅವಳು ಎಲ್ಲಿ ಎಂದದ್ದಕ್ಕೆ, ನೀನು ಹೋಗು, ನಾನು ಇಲ್ಲೇ ಸ್ವಲ್ಪ ನೋಡಿ ಬರುತ್ತೇನೆ ಎಂದು ಸನ್ನೆ ಮಾಡಿದಳು ಎಂದ. ನನಗೆ ಅವನನ್ನು ಮತ್ತೆ ನೀರಿಗೆ ತಳ್ಳಬೇಕೆನಿಸಿತು. ಅವನದೇನು ತಪ್ಪು, ಪಾಪ, ಟವೆಲ್ ಹೊದ್ದು ಮೂಲೆಯಲ್ಲಿ ನಡುಗುತ್ತಾ ಕೂತ.

ಒಂಬತ್ತು ಇಪ್ಪತ್ತಕ್ಕೆ ಕೇಸರಿ ಟ್ಯೂಬು ಮೇಲೆದ್ದಿತು. ನಮ್ಮಿಂದ ಮುನ್ನೂರು ಮೀಟರ್ ಆಚೆ, ಸೆಳೆತಕ್ಕೆ ಸಿಕ್ಕವರು ಹಿಡಿಯಲೆಂದು ದೋಣಿಯ ಹಿಂದೆ ತೇಲಬಿಟ್ಟಿದ್ದ ಉದ್ದ ಹಗ್ಗವನ್ನೂ ದಾಟಿ. ಅದರ ಪಕ್ಕ ಕಪ್ಪು ಚುಕ್ಕಿಯಂತೆ ಅವಳ ತಲೆ. ಬದುಕಿದ್ದಾಳೆ ಎಂದು ನನಗೆ ಹೋದ ಜೀವ ಬಂತು. ಆದರೆ ನೋಡನೋಡುತ್ತಲೇ ಟ್ಯೂಬು ಚಿಕ್ಕದಾಯಿತು. ಲಂಗರು ಎತ್ತೋಣ ಎಂದು ನಾನು ಮುಂದಕ್ಕೆ ಓಡಿದೆ. ಭಾವ ಬೇಡವೆಂದರು. ಕೆಳಗೆ ಇನ್ನಿಬ್ಬರಿದ್ದರು.

ಸ್ಪ್ಯಾನರ್ ತೆಗೆದುಕೊಂಡು ನೀರಿನೊಳಗಿದ್ದ ಏಣಿಯನ್ನು ಬಡಿಯತೊಡಗಿದರು. ಬಡಿದರು, ನಿಲ್ಲಿಸಿದರು, ಬಡಿದರು. ಗಂಡ ಹೆಂಡತಿಯ ಗುಳ್ಳೆಗಳು ಬಂಡೆಯ ಆಚೆ ತುದಿಯಲ್ಲಿ ನಿಧಾನವಾಗಿ ಅಲೆಯುತ್ತಲೇ ಇದ್ದವು, ಒಂದು ಗೇಣೂ ನಮ್ಮ ಕಡೆ ತಿರುಗಲಿಲ್ಲ. ಬಡಿದರೆ ಮೇಲೆ ಬರಬೇಕೆಂದು ಅವರಿಗೆ ಯಾರು ಹೇಳಿದ್ದರು? ಭಾವನಿಗೂ ಅದು ಹೊಳೆದಿರಬೇಕು. ಆದರೂ ಬಡಿಯುತ್ತಲೇ ಇದ್ದರು.

ರೇಡಿಯೋದಲ್ಲಿ ಕೂಗಿದೆವು. ಹತ್ತಿರದ ದೋಣಿಯವರು ತಾವು ನಲವತ್ತು ನಿಮಿಷ ದೂರದಲ್ಲಿದ್ದೇವೆ, ಹೊರಟೆವು ಎಂದರು. ರಕ್ಷಣಾ ಕಚೇರಿಯವನು ಟ್ಯೂಬಿನ ಬಣ್ಣ, ಸೂಟಿನ ಬಣ್ಣ, ವಯಸ್ಸು ಎಲ್ಲ ಕೇಳಿ ಬರೆದುಕೊಂಡ. ತೇಲಿಹೋದವರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದಾಗ ಭಾವ ತಡವರಿಸಿ, ಗಿರಾಕಿ, ಎಂದರು. ಯಾಕೆ ಹಾಗೆಂದರೋ ನನಗೆ ಈಗಲೂ ಅರ್ಥವಾಗಿಲ್ಲ.

ಲಂಗರಿನ ಹಗ್ಗದ ತುದಿಗೆ ಬೆಂಡು ಕಟ್ಟಿ ನೀರಿಗೆ ಬಿಟ್ಟು ಹೋಗೋಣ ಎಂದೆ. ಅನುಭವಿಗಳು ಕೆಳಗಿದ್ದರೆ ಹಾಗೆ ಮಾಡಿದ್ದುಂಟು. ಹೊಸಬರು ಹಗ್ಗ ಹಿಡಿದು ಮೇಲೆ ಬಂದು ದೋಣಿ ಕಾಣದಿದ್ದರೆ ಗಾಬರಿಗೆ ಕೈಬಿಡುತ್ತಾರೆ, ಆಮೇಲೆ ಮೂವರನ್ನು ಹುಡುಕಬೇಕಾಗುತ್ತದೆ ಎಂದು ಭಾವ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ನನ್ನ ತಲೆ ಕೆಟ್ಟಿತು. ಡಬ್ಬದಿಂದ ಚಾಕು ತೆಗೆದುಕೊಂಡು ಹೋಗಿ ಹಗ್ಗಕ್ಕೆ ಇಟ್ಟೆ. ನಿಮ್ಮ ಹೊಟ್ಟೇಲಿ ಹುಟ್ಟಿದ್ದಲ್ವಾ ಅದು, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಭಾವ ಬಂದು ನನ್ನ ಕೈ ತಡೆಯಲಿಲ್ಲ, ಹಗ್ಗ ಕಟ್ಟಿದ ಗೂಟದ ಮೇಲೆಯೇ ಕೂತುಬಿಟ್ಟರು. ಕೊಯ್ಯಬೇಕೆಂದರೆ ಅವರ ತೊಡೆಯ ಮೇಲೆ ಕೊಯ್ಯಬೇಕಿತ್ತು.

"ದೋಣಿ ಇಲ್ಲೇ ಇರುತ್ತೆ ಅಂತ ಹೇಳಿ ಕಳಿಸಿದ್ದೀನಿ ಅವರನ್ನ," ಎಂದರು. "ನಾನು ಪೂರ್ತಿ ಹೇಳಿದ್ದು ಇವತ್ತು ಅದೊಂದೇ."

ನಾನು ಚಾಕು ಕೆಳಗಿಟ್ಟೆ. ಅವರು ಕೂತಲ್ಲಿಂದಲೇ ನನಗೊಂದು ಕೆಲಸ ಹೇಳಿದರು. ಟ್ಯೂಬಿನ ಕಡೆಗೆ ಕೈ ಚಾಚಿ ನಿಲ್ಲು, ಕಣ್ಣು ತೆಗೆಯಬೇಡ, ಏನಾದರೂ ಕೈ ಇಳಿಸಬೇಡ. ತೇಲಿಹೋಗುವವರನ್ನು ಕಳೆದುಕೊಳ್ಳದಿರಲು ದೋಣಿಯವರು ಮಾಡುವುದು ಇಷ್ಟೇ, ಒಬ್ಬರು ಕೈ ಚಾಚಿ ನಿಲ್ಲುವುದು. ನಿಂತೆ. ಐದು ನಿಮಿಷಕ್ಕೆ ಭುಜ ಉರಿಯಿತು. ಹತ್ತು ನಿಮಿಷಕ್ಕೆ ಟ್ಯೂಬು ಬೆಂಕಿಕಡ್ಡಿಯಷ್ಟಾಯಿತು. ಅಲೆ ಎದ್ದಾಗ ಮಾಯವಾಗುತ್ತಿತ್ತು, ಇಳಿದಾಗ ಕಾಣುತ್ತಿತ್ತು. ಗುಮಾಸ್ತ ಎದ್ದು ಬಂದು ನನ್ನ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದ. ಆಮೇಲೊಂದು ಅಲೆ ಇಳಿಯಿತು, ಟ್ಯೂಬು ಕಾಣಲಿಲ್ಲ. ಇನ್ನೊಂದು ಇಳಿಯಿತು, ಆಗಲೂ ಇಲ್ಲ. ಬರಿಯ ನೀರಿನ ಕಡೆಗೆ ಕೈ ಚಾಚಿಕೊಂಡು ನಿಂತಿದ್ದೆ. ಕಾಣ್ತಿದೆಯಾ ಎಂದು ಭಾವ ಹಿಂದಿನಿಂದ ಕೇಳಿದರು. ಕೈ ಇಳಿಸಿಲ್ಲ ಎಂದಷ್ಟೇ ಹೇಳಿದೆ.

ಒಂಬತ್ತು ಐವತ್ತಕ್ಕೆ ಗಂಡ ಹೆಂಡತಿ ಹಗ್ಗ ಹಿಡಿದು, ಡೈವಿಂಗ್ ಕಲಿಸಿದವರು ಹೇಳಿಕೊಟ್ಟಂತೆ ಮೈಯ ಒತ್ತಡ ಇಳಿಯಲು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು, ನಗುನಗುತ್ತಾ ಮೇಲೆ ಬಂದರು. ಆ ಮೂರು ನಿಮಿಷ ಅವರು ನಮ್ಮ ಕಾಲ ಕೆಳಗೇ ಇದ್ದರು, ಹಗ್ಗ ಅಲ್ಲಾಡುವುದು ಕಾಣುತ್ತಿತ್ತು. ಭಾವ ಎರಡೂ ಕೈಗಳಿಂದ ಆ ಹಗ್ಗ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದರು. ಗಂಡಸು ಏಣಿ ಹತ್ತುತ್ತಾ ಬಾಯಿಯ ಕೊಳವೆ ತೆಗೆದು, ಬಲು ಸಂತೋಷದಿಂದ ಕೇಳಿದ.

"ಏನೋ ರಿಪೇರಿ ಮಾಡ್ತಿದ್ರಲ್ಲ, ಆಯ್ತಾ?"

ಅವನ ಎರಡನೇ ಕಾಲು ದೋಣಿಯೊಳಗೆ ಬೀಳುವ ಮೊದಲೇ ಭಾವ ಚಾಕು ತೆಗೆದುಕೊಂಡು ಲಂಗರಿನ ಹಗ್ಗವನ್ನು ಕೊಯ್ದು ಎಸೆದರು. ಎಳೆದುಕೊಳ್ಳಲು ಐದು ನಿಮಿಷ ಹಿಡಿಯುತ್ತಿತ್ತು. ಲಂಗರು ಈಗಲೂ ಅಲ್ಲೇ ತಳದಲ್ಲಿದೆ. ನನ್ನ ಕೈ ತೋರಿಸಿದ ಕಡೆಗೆ ದೋಣಿ ಹೋಯಿತು. ಆ ಹೆಂಗಸು ವಿಷಯ ತಿಳಿದು ಅಳತೊಡಗಿದಳು, ಅಷ್ಟು ಹೊತ್ತು ಕೆಳಗಿರುವಷ್ಟು ಗಾಳಿ ಉಳಿಸಿಕೊಂಡಿದ್ದಕ್ಕೆ ನಮ್ಮನ್ನು ಕ್ಷಮಿಸಿ ಎಂದಳು. ಗಾಳಿ ಉಳಿಸುವುದೂ ಒಂದು ತಪ್ಪೇ? ಅವಳಿಗೆ ಸಮಾಧಾನ ಹೇಳುವಷ್ಟು ಒಳ್ಳೆಯವಳಾಗಿ ನಾನಿರಲಿಲ್ಲ.

ಭಾವ ಸೆಳೆತದ ಜೊತೆ ನೊರೆ ಹೋಗುತ್ತಿದ್ದ ಸಾಲು ಹಿಡಿದು ದೋಣಿ ನಡೆಸಿದರು. ಆಗಾಗ ಎಂಜಿನ್ ನಿಲ್ಲಿಸಿ ಕಿವಿಗೊಟ್ಟರು, ಅದೂ ಸರಿಯಿರುವ ಒಂದೇ ಕಿವಿ. ಮೂರನೇ ಸಲ ನಿಲ್ಲಿಸಿದಾಗ ಸೀಟಿ ಕೇಳಿಸಿತು. ತೀರ ಸಣ್ಣಗೆ, ಎಡಕ್ಕೆ. ನಾನು ತೋರಿಸುತ್ತಿದ್ದ ಕಡೆಯಲ್ಲ.

ಮಲಗಿ ತೇಲುತ್ತಿದ್ದಳು. ಟ್ಯೂಬಿನ ಗಾಳಿ ಅರ್ಧ ಹೋಗಿ ಅದು ನೀರಿನ ಮೇಲೆ ಬಿದ್ದುಕೊಂಡಿತ್ತು, ಕಾಣದ್ದು ಅದಕ್ಕೇ. ಮೇಲೆಳೆದುಕೊಂಡಾಗ ಕಾಲು ಸೆಟೆದಿತ್ತು, ತುಟಿ ನೀಲಿಯಾಗಿತ್ತು. ನಾನು ಸೂಟು ಬಿಚ್ಚಿ ಕಂಬಳಿ ಸುತ್ತಿ, ಅತ್ತು, ಬೆನ್ನಿಗೆ ಎರಡು ಗುದ್ದಿದೆ. ಕೆಳಗೆ ಸೆಳೆತ ಹಿತವಾಗಿತ್ತಂತೆ, ಕಾಲಾಡಿಸದೆ ಹೋಗುತ್ತಿದ್ದಳಂತೆ. ತಿರುಗಿದಾಗ ಬಂಡೆ ಹಿಡಿದು ತೆವಳಿದರೂ ಮುಂದೆ ಬರಲಾಗಲಿಲ್ಲವಂತೆ. ನನ್ನದೇ ತಪ್ಪು ಎಂದಳು.

ಭಾವ ಅವಳ ಹತ್ತಿರ ಬರಲಿಲ್ಲ. ದೋಣಿ ತಿರುಗಿಸುವ ಚಕ್ರದ ಹಿಂದೆಯೇ ನಿಂತಿದ್ದರು. ಯಾರೂ ಕೇಳದಿದ್ದರೂ ತಾವೇ ಹೇಳಿದರು.

"ನಿನ್ನ ಟ್ಯೂಬು ಮೊದಲಿಂದ್ಲೂ ಕಾಣ್ತಿತ್ತು ನಂಗೆ."

ಚಿನಕುರುಳಿ ಕಂಬಳಿಯೊಳಗಿಂದ ತಲೆಯಾಡಿಸಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಅಪ್ಪನನ್ನು ಮೆಚ್ಚಿ ಹೇಳುವ ಹಾಗೆಯೇ ಹೇಳಿದಳು.

"ನೀನು ಬರಲ್ಲ ಅಂತ ಗೊತ್ತಿತ್ತಪ್ಪ. ಅದಕ್ಕೇ ಕೂಗಿ ಸುಸ್ತಾಗಲಿಲ್ಲ."

ಭಾವ ಹೂಂ ಎಂದರು. ಎಂಜಿನ್ ಶುರು ಮಾಡಿದರು. ದಡ ಕಣ್ಣೆದುರಿಗೇ ಇತ್ತು, ನಮ್ಮ ತಗಡಿನ ಕೋಣೆಯ ಮಾಡೂ ಹೊಳೆಯುತ್ತಿತ್ತು. ಅವರು ದೋಣಿಯನ್ನು ತೆರೆದ ಸಮುದ್ರದ ಕಡೆಗೆ ತಿರುಗಿಸಿದರು. ಸ್ವಲ್ಪ ದೂರ ಹಾಗೆಯೇ ಹೋದೆವು. ಆಮೇಲೆ ನಾನು ಎದ್ದು ಹೋಗಿ, ಅವರ ಕೈ ಮೇಲೆ ಕೈಯಿಟ್ಟು, ಚಕ್ರವನ್ನು ಮನೆಯ ಕಡೆಗೆ ತಿರುಗಿಸಬೇಕಾಯಿತು.