ಇಪ್ಪತ್ತನೇ ನಿಮಿಷಕ್ಕೆ ಮುಗ್ಗರಿಸುವ ಯಂತ್ರ

ಅಂಜನಕುಮಾರನ ಅಂಗಡಿಯ ಗೋಡೆಗೆ ಅವನೇ ದಪ್ಪ ಅಕ್ಷರದಲ್ಲಿ ಬರೆದ ಹಾಳೆಯೊಂದನ್ನು ಅಂಟಿಸಿದ್ದ: "ವಿಡಿಯೋ ನೋಡಿ ಕಲಿತು ಬಂದವರು ಸುಮ್ಮನೆ ಕೂಡ್ರಿ." ದಾವಣಗೆರೆಯಲ್ಲಿ ಗಿರಾಕಿಗಳನ್ನು ಹೀಗೆ ಬರಮಾಡಿಕೊಳ್ಳುವ ಇನ್ನೊಂದು ಅಂಗಡಿ ಇರಲಿಕ್ಕಿಲ್ಲ. ಆದರೂ ಜನ ಬರುತ್ತಿದ್ದರು. ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸಿಕೊಡುವ ಕೆಲಸದಲ್ಲಿ ಅವನ ಕೈ ಶುದ್ಧ ಎಂಬ ಮಾತಿತ್ತು. ಪ್ರತಿ ಪೆಟ್ಟಿಗೆಯನ್ನೂ ಗಿರಾಕಿಯ ಕಣ್ಣೆದುರೇ ಒಡೆಯುತ್ತಿದ್ದ. ಬಾಯಿ ಮಾತ್ರ ಕೆಟ್ಟದ್ದು.

ನಾವಿಬ್ಬರೂ ಕೊಂಡಜ್ಜಿ ಊರಿನವರು. ಒಂದೇ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಓದಿದವರು. ನಾನು ಪದವಿ ಮುಗಿಸಿ ಅವನ ಅಂಗಡಿಯ ಮೇಲಿನ ಮಹಡಿಯಲ್ಲಿ ಟ್ಯೂಷನ್ ಪಾಠ ಹೇಳತೊಡಗಿದೆ. ಅವನು ಪಿಯುಸಿಗೇ ಓದು ಬಿಟ್ಟು ಹರಿಹರದ ಹಯಾತ್ ಸಾಬ್ ಅವರ ಟಿವಿ ರಿಪೇರಿ ಅಂಗಡಿ ಸೇರಿದ್ದ. ಏಳು ವರ್ಷ ಕಲಿತ ಮೇಲೆ ಒಂದು ದಿನ, "ಟಿವಿ ಕಾಲ ಮುಗೀತು ಸಾಬ್ರೆ, ನೀವೂ ಮುಗಿದ್ರಿ" ಎಂದು ಹೇಳಿ ಎದ್ದು ಬಂದಿದ್ದ. ಅದಾಗಿ ಐದು ವರ್ಷ ಗುರು ಶಿಷ್ಯರ ನಡುವೆ ಮಾತಿರಲಿಲ್ಲ.

ಎಸ್.ಎಸ್. ಬಡಾವಣೆಯ ಬಸವಕಿರಣ್ ಅವನಿಂದ ಗೇಮಿಂಗ್ ಕಂಪ್ಯೂಟರ್ ಮಾಡಿಸಿಕೊಂಡದ್ದು ಕಳೆದ ಮಾರ್ಚಿನಲ್ಲಿ. ತಂದೆಗೆ ಕಾಳಿನ ವ್ಯಾಪಾರ, ಮನೆಗೆ ಒಬ್ಬನೇ ಮಗ. ಬಲಗಡೆ ಗಾಜು, ಒಳಗೆ ಬಣ್ಣ ಬಣ್ಣದ ದೀಪ, ಮುಂದೆ ಮತ್ತು ಮೇಲೆ ಗಾಳಿ ಆಡಲು ಜಾಲರಿ ಇದ್ದ ಕರಿ ಪೆಟ್ಟಿಗೆ ಅದು. ಹದಿನೈದು ದಿನಕ್ಕೆ ಅದನ್ನು ಕಾರಿನಲ್ಲಿ ಹಾಕಿಕೊಂಡು ತಿರುಗಿ ಬಂದ.

"ಆಟ ಇಪ್ಪತ್ತು ನಿಮಿಷ ನೀರಿನಂಗೆ ಓಡ್ತೈತೆ. ಆಮೇಲೆ ಬಿಕ್ಕಳಿಸ್ತೈತೆ. ನಾನು ಗುಂಡು ಹೊಡಿಯೋದ್ರೊಳಗೆ ಎದುರಿನವ ನನ್ನ ಹೊಡೆದು ಮನಿಗೆ ಹೋಗಿರ್ತಾನೆ."

"ನಿಮ್ಮ ಕೈ ನಿಧಾನ ಇರಬೇಕು," ಎಂದ ಅಂಜನಕುಮಾರ, ತಲೆ ಎತ್ತದೆ.

"ಏಯ್, ಹಳೆ ಗ್ರಾಫಿಕ್ಸ್ ಕಾರ್ಡ್ ತುರುಕಿ ಕೊಟ್ಟು ನಂಗೇ ಮಾತಾಡ್ತೀಯ?"

"ನಿಮ್ಮ ಮುಂದೆ ಸೀಲ್ ಒಡೆದೀನಿ."

"ಒಡೆದ ಸೀಲ್ ಮತ್ತೆ ಅಂಟಿಸೋದು ನಿಮ್ಮಂಥೋರಿಗೆ ಹೇಳಿಕೊಡಬೇಕಾ?"

'ನಿಮ್ಮಂಥೋರು' ಎಂಬ ಮಾತು ಕೇಳಿ ಅಂಜನಕುಮಾರ ಸ್ಕ್ರೂಡ್ರೈವರ್ ಕೆಳಗಿಟ್ಟ. ಯಂತ್ರವನ್ನು ಮೇಜಿನ ಮೇಲಿಟ್ಟು ಅದೇ ಆಟವನ್ನು ಆರು ಗಂಟೆ ಓಡಿಸಿದ. ರೂಳಿನ ನೋಟುಬುಕ್ಕಿನಲ್ಲಿ ಹತ್ತು ಹತ್ತು ನಿಮಿಷಕ್ಕೆ ಒಳಗಿನ ಶಾಖ ಬರೆದ. ಎಪ್ಪತ್ತು ಡಿಗ್ರಿಯ ಮೇಲೆ ಏರಲೇ ಇಲ್ಲ. ಒಂದು ಸಲವೂ ಆಟ ತಡೆಯಲಿಲ್ಲ.

ಯಂತ್ರ ಮನೆಗೆ ಹೋಯಿತು. ಮರುದಿನವೇ ಫೋನು: ಮತ್ತೆ ಬಿಕ್ಕಳಿಕೆ.

ಅಂಜನಕುಮಾರ ಮನೆಗೇ ಹೋಗಿ ನೋಡಿದ. ಒಂದು ಗಂಟೆ ಅವನ ಎದುರಿಗೇ ಆಟ ಸಲೀಸಾಗಿ ಓಡಿತು. ಅವನು ಶಾಮನೂರು ರಸ್ತೆ ದಾಟುವಷ್ಟರಲ್ಲಿ ಮತ್ತೆ ಫೋನು. ಮೂರು ದಿನ ಬಿಟ್ಟು ಇನ್ನೊಮ್ಮೆ ಹೋದ. ಆಗಲೂ ಅದೇ ಕಥೆ. ವೋಲ್ಟೇಜ್ ಅಳೆದ, ಡ್ರೈವರ್ ಸಾಫ್ಟ್‌ವೇರ್ ಬದಲಿಸಿದ, ಮೆಮೊರಿ ಕಡ್ಡಿಗಳನ್ನು ಬೇರೆ ಹಾಕಿದ. ಬರುವಾಗ ಶಾಖ ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಹಾಕಿ ಬಂದಿದ್ದ. ಸಂಜೆ ಬಸವಕಿರಣ್ ಅದರ ಫೋಟೋ ಕಳಿಸಿದ: ತೊಂಬತ್ತೆಂಟು ಡಿಗ್ರಿ. ಅಷ್ಟು ಕಾದರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಆಟ ಮುಗ್ಗರಿಸುವುದು ಅದಕ್ಕೇ. ಕಾಯುತ್ತಿರುವುದು ಯಾಕೆ ಎಂಬುದು ಮಾತ್ರ ಅಂಜನಕುಮಾರನಿಗೆ ತಿಳಿಯಲಿಲ್ಲ. ಫೋಟೋದ ಕೆಳಗೆ ಬಸವಕಿರಣ್ ಬರೆದಿದ್ದ: "ಕೂಲರ್ ಡೂಪ್ಲಿಕೇಟ್. ಕಳ್ಳ."

ಅದೇ ಮಾತನ್ನು ಅವನು ವಿಡಿಯೋ ಮಾಡಿ ಊರಿನ ಆಟಗಾರರ ಗುಂಪುಗಳಲ್ಲೆಲ್ಲ ಹಾಕಿದ. ಅಂಗಡಿಯ ಬೋರ್ಡು, ಅಂಜನಕುಮಾರನ ಮುಖ, ಎಲ್ಲವೂ ಅದರಲ್ಲಿತ್ತು. ವಾರದೊಳಗೆ ಹೊಸ ಕಂಪ್ಯೂಟರ್ ಹೇಳಿದ್ದ ಮೂವರು ಬೇಡವೆಂದರು. ಹಳೆಯ ಗಿರಾಕಿಯೊಬ್ಬ ಎರಡು ವರ್ಷದ ಹಿಂದಿನ ಯಂತ್ರ ತಂದು, "ಇದರಾಗೂ ಏನಾರ ಬದಲಿ ಮಾಡೀಯೇನು, ಬಿಚ್ಚಿ ತೋರಿಸು" ಎಂದು ನಿಂತ. ಅಂಜನಕುಮಾರ ಬಿಚ್ಚಿ ತೋರಿಸಿದ. ಮುಚ್ಚುವಾಗ ಪ್ರತಿ ಸ್ಕ್ರೂವನ್ನೂ ಎರಡೆರಡು ಸಲ ಬಿಗಿದ. ಶುದ್ಧ ಕೈ ಎಂಬ ಹೆಸರೊಂದನ್ನು ಬಿಟ್ಟರೆ ಅವನಿಗೆ ಬೇರೆ ಬಂಡವಾಳ ಇರಲಿಲ್ಲ.

"ಹಯಾತ್ ಸಾಬ್ರನ್ನ ಕೇಳು," ಎಂದೆ.

"ಆ ಮುದುಕನಿಗೆ ಇದರ ತಲೆಬುಡ ಗೊತ್ತಿಲ್ಲ."

"ನಿಂಗೂ ಗೊತ್ತಾಗ್ಲಿಲ್ಲಲ್ಲ."

ಆದರೆ ಮಧ್ಯಾಹ್ನ ತಾನೇ ಬೈಕ್ ತೆಗೆದು, "ಹತ್ತು" ಎಂದ.

ಹರಿಹರದ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಯಲ್ಲಿ ಸಾಬರು ಒಂದು ಟಿವಿಯ ಬೆನ್ನು ಬಿಚ್ಚಿ ಕೂತಿದ್ದರು. ಕನ್ನಡಕದ ಮೇಲಿನಿಂದ ನೋಡಿದರು.

"ಏನಪ್ಪ, ಮುಗಿದೋನ ಹತ್ರ ಏನು ಕೆಲಸ?"

ಅಂಜನಕುಮಾರ ಮನೆಯ ಭೇಟಿಗಳನ್ನೂ ಬರೆದಿದ್ದ ನೋಟುಬುಕ್ಕನ್ನು ಅವರ ಮುಂದೆ ಒಗೆದ. ಅವರು ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದ. ಕೂಡು ಅಂತ ಸಾಬರೂ ಹೇಳಲಿಲ್ಲ.

"ಅಂಗಡ್ಯಾಗೆ ಸರಿ. ನೀನು ಮನಿಗೆ ಹೋದಾಗಲೂ ಸರಿ. ನೀನಿಲ್ಲದಾಗ ಕಾಯ್ತೈತೆ," ಎಂದರು ಸಾಬರು. "ಹೋಗೋ ಮುಂಚೆ ಫೋನ್ ಮಾಡ್ತೀಯ?"

"ಮತ್ತೆ? ದೊಡ್ಡೋರ ಮನಿ. ಗೇಟ್ ತೆಗಿಬೇಕಲ್ಲ."

"ಇನ್ನೊಮ್ಮೆ ಫೋನ್ ಮಾಡದೆ ಹೋಗು. ಏಳು ವರ್ಷ ನನ್ನ ಜೊತಿ ಮನಿ ಮನಿ ತಿರುಗೀಯ. ಟಿವಿ ಯಾಕ ಸುಡ್ತಿದ್ವು? ಮರೆತೀಯೇನು? ಹೋಗು, ಬಿಸಿಲಿಗೆ ಅಡ್ಡ ನಿಂತೀಯ."

ಹಿಂದಿರುಗುವಾಗ ದಾರಿಯುದ್ದಕ್ಕೂ ಅವನು ಮುದುಕನನ್ನು ಬೈದ. ಆದರೆ ಬೈಕು ಅಂಗಡಿಯ ಕಡೆ ತಿರುಗಲಿಲ್ಲ. ನೇರ ಎಸ್.ಎಸ್. ಬಡಾವಣೆಗೆ ಹೋಯಿತು.

ಬಾಗಿಲು ತೆಗೆದವರು ಬಸವಕಿರಣನ ತಾಯಿ ಗುರುಶಾಂತಮ್ಮ. ನಮ್ಮನ್ನು ನೋಡಿ ಗಾಬರಿಯಾದರು. "ಅಯ್ಯೋ, ಹೇಳ್ದೆ ಬಂದೀರಲ್ಲಪ್ಪ, ತಡೀರಿ" ಎನ್ನುತ್ತ ಒಳಗೆ ಓಡಿದರು. ಅಂಜನಕುಮಾರ ತಡೆಯಲಿಲ್ಲ. ಅವರ ಹಿಂದೆಯೇ ಕೋಣೆಗೆ ನುಗ್ಗಿದ.

ಬಸವಕಿರಣ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದ. ಪಕ್ಕದಲ್ಲಿ ಆ ಯಂತ್ರ ಮೆರೂನ್ ಬಣ್ಣದ ಮಖಮಲ್ಲಿನ ಅಂಗಿ ತೊಟ್ಟು ಕೂತಿತ್ತು. ಅಂಚಿಗೆ ಜರಿ, ಒತ್ತುವ ಗುಂಡಿಗೆ ಒಂದು ಕಾಜಾ, ದೀಪ ಕಾಣಲೆಂದು ಗಾಜಿನ ಬದಿಗೆ ಪಾರದರ್ಶಕ ಪ್ಲಾಸ್ಟಿಕ್. ಮುಂದಿನ ಜಾಲರಿ, ಮೇಲಿನ ಜಾಲರಿ ಎರಡೂ ದಪ್ಪ ಬಟ್ಟೆಯಡಿ ಪೂರ್ತಿ ಮುಚ್ಚಿದ್ದವು. ಗುರುಶಾಂತಮ್ಮನವರ ಮನೆಯಲ್ಲಿ ಮಿಕ್ಸಿಗೆ, ಫ್ರಿಜ್ಜಿಗೆ, ರಿಮೋಟಿಗೆ ಎಲ್ಲದಕ್ಕೂ ಅಂಗಿ ಇತ್ತು. ಎಲ್ಲ ಅವರೇ ಹೊಲಿದದ್ದು. ಸಾಬರ ಕಾಲದ ಟಿವಿಗಳು ಸುಡುತ್ತಿದ್ದುದೂ ಇಂಥ ಅಂಗಿಯೊಳಗೇ.

ಅಂಜನಕುಮಾರ ಫೋನಿನ ರೆಕಾರ್ಡಿಂಗ್ ಹಚ್ಚಿ, ಕ್ಯಾಮೆರಾ ಹೊರಗೆ ಕಾಣುವಂತೆ ತನ್ನ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡ. ಆಮೇಲೆ ಮಖಮಲ್ಲಿನ ಮೇಲೆ ಅಂಗೈ ಇಟ್ಟು, ಬಿಸಿ ತಾಕಿ ಸರಕ್ಕನೆ ಕೈ ತೆಗೆದ.

"ನಾನು ಬಂದಾಗ ಇದು ಯಾಕ ಇರಲಿಲ್ಲ?"

ಗುರುಶಾಂತಮ್ಮ ಮಗನ ಮುಖ ನೋಡಿದರು. ಬಸವಕಿರಣ್ ಹೆಡ್‌ಫೋನ್ ಕಿತ್ತು ಎದ್ದ.

"ಮನಿಯೊಳಗೆ ಕೇಳದೆ ನುಗ್ತೀಯೇನಲೇ?"

"ಯಾಕ ಇರಲಿಲ್ಲ ಅಂತ ಕೇಳಿದೆ."

"ನೀನು ಬರ್ತೀಯ ಅಂತ ತೆಗಿಸ್ತಿದ್ದೆ! ರಿಪೇರಿ ಮಾಡೋರ ಕೈ ಹೆಂಗಿರ್ತೈತೆ? ಮಖಮಲ್ಲು ಮಾಸಿದ್ರೆ ಹೋಗ್ತೈತಾ?"

ತಾಯಿ ಮೆಲ್ಲಗೆ ಎಂದರು: "ಆಡೋವಾಗ ತೆಗಿಲೇನೋ ಅಂತ ನಾನೇ ಕೇಳಿದ್ದೆ ಇವ್ನ."

"ನೀ ಸುಮ್ನಿರವ್ವ. ಹೊಸ ಮಷಿನ್, ಧೂಳು ಬೀಳ್ತೈತೆ, ಹಾಕೇ ಇಡು ಅಂದೆ. ಅದ್ರಾಗೇನು ತಪ್ಪು? ಒಳ್ಳೆ ಮಷಿನ್ ಆಗಿದ್ರೆ ಒಂದು ಬಟ್ಟಿಗೆ ಸಾಯ್ತಿರಲಿಲ್ಲ."

ಅಂಜನಕುಮಾರ ಯಂತ್ರದ ಅಂಗಿ ಕಳಚಿ, ಆಟದಿಂದ ಹೊರಬಂದು ಶಾಖದ ಅಂಕಿ ತೆರೆದ. ತೊಂಬತ್ತಾರು. ನಾವು ನಾಲ್ವರೂ ನಿಂತು ನೋಡುತ್ತಿದ್ದಂತೆ ಅದು ತೊಂಬತ್ತಕ್ಕೆ, ಎಂಬತ್ತಕ್ಕೆ, ಅರವತ್ತಕ್ಕೆ ಇಳಿಯಿತು. ಮತ್ತೆ ಆಟ ಹಚ್ಚಿ ಅರ್ಧ ಗಂಟೆ ಅಲ್ಲೇ ನಿಂತ. ಕೂರಲು ಯಾರೂ ಹೇಳಲಿಲ್ಲ. ಆಟ ಒಂದು ಸಲವೂ ತಡೆಯಲಿಲ್ಲ.

"ನಾನು ಕಳ್ಳ ಅಲ್ಲ, ಸಾಮಾನು ಹೊಸದು ಅಂತ ಒಂದು ವಿಡಿಯೋ ಹಾಕ್ರಿ. ನೀವು ಹಾಕಿದಲ್ಲೇ."

"ಹಳೇದು ಡಿಲೀಟ್ ಮಾಡ್ತೀನಿ, ಹೋಗು. ನಮ್ಮವ್ವ ಹೊಲಿದ ಅಂಗಿಯಿಂದ ಆತು ಅಂತ ಊರ ಮುಂದೆ ಹೇಳ್ಲಾ? ಮರ್ಯಾದೆ ನಿಮಗಿಲ್ಲದಿದ್ರೂ ನಮಗೈತೆ."

ಅಂಜನಕುಮಾರ ಮಖಮಲ್ಲಿನ ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಗುರುಶಾಂತಮ್ಮನ ಕೈಗೆ ಕೊಟ್ಟ. "ಹೊಲಿಗೆ ಚೆನ್ನಾಗೈತೆ ರೀ," ಎಂದ. ಅವನ ಬಾಯಿಂದ ನಾನು ಕೇಳಿದ ಒಂದೇ ಒಂದು ಮೆಚ್ಚುಗೆಯ ಮಾತು ಅದು.

ಆ ಸಂಜೆ ಜೇಬಿನ ಫೋನಿನಲ್ಲಿದ್ದುದನ್ನು ಅವನು ಅದೇ ಗುಂಪುಗಳಲ್ಲಿ ಹಾಕಿದ. ಎರಡು ನಿಮಿಷದ ವಿಡಿಯೋ. ಮಖಮಲ್ಲಿನ ಮೇಲಿಟ್ಟ ಅಂಗೈ, ಅಂಗಿ ತೆಗೆದ ಯಂತ್ರ, ಇಳಿಯುವ ಅಂಕಿ, ಬಸವಕಿರಣನ ದನಿ.

ಮರುದಿನ ಹತ್ತು ಗಂಟೆಗೆ ಬಸವಕಿರಣ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಡೀ ರಸ್ತೆಗೆ ಕೇಳುವಂತೆ ಕೂಗಿದ: "ನಮ್ಮವ್ವನ ಮಾನ ಹರಾಜು ಹಾಕಿದ್ಯಲ್ಲೋ!"

"ಇನ್ನೊಂದು ಸಲ ನೋಡು," ಎಂದ ಅಂಜನಕುಮಾರ, ಮೊದಲ ಸಲ ಏಕವಚನದಲ್ಲಿ. "ನಿಮ್ಮವ್ವನ ಮುಖ ಇಲ್ಲ, ದನಿ ಇಲ್ಲ, ಹೆಸರಿಲ್ಲ. ಅದನ್ನೆಲ್ಲ ಕತ್ತರಿಸೀನಿ. 'ಹಾಕೇ ಇಡು ಅಂದೆ' ಅನ್ನೋದು ಯಾರ ದನಿ? 'ರಿಪೇರಿ ಮಾಡೋರ ಕೈ' ಅಂದಿದ್ದು ಯಾರು? ಅದನ್ನ ಮಾತ್ರ ಇಟ್ಟೀನಿ."

ಪಕ್ಕದ ಚಹಾದ ಅಂಗಡಿಯವರು ಲೋಟ ಹಿಡಿದು ಹೊರಬಂದಿದ್ದರು. ಬಸವಕಿರಣ್ ಸುತ್ತ ನೋಡಿದ, ಕಾರು ಹತ್ತಿದ. ಆ ರಸ್ತೆಯಲ್ಲಿ ಅವನು ಮತ್ತೆ ಕಾಣಿಸಲಿಲ್ಲ.

ಬೇಡವೆಂದಿದ್ದ ಮೂವರಲ್ಲಿ ಇಬ್ಬರು ತಿರುಗಿ ಬಂದರು. ಅಂಜನಕುಮಾರ ಅವರನ್ನು ನಗುತ್ತ ಕರೆಯಲಿಲ್ಲ. ಅರ್ಧ ಗಂಟೆ ನಿಲ್ಲಿಸಿ ಆಮೇಲೆ ಮಾತಾಡಿಸಿದ. ಗೋಡೆಯ ಹಾಳೆಗೆ ಕೆಳಗಡೆ ಇನ್ನೊಂದು ಸಾಲು ಸೇರಿಸಿದ್ದ: "ಮನೆಯಲ್ಲಿ ಏನು ಹೊಚ್ಚುತ್ತೀರಿ, ಮೊದಲು ಹೇಳಿ."

ಹಯಾತ್ ಸಾಬರ ಫೋನು ಬಂದದ್ದು ನಾಲ್ಕನೇ ದಿನ. ಅವನು ಸ್ಪೀಕರಿಗೆ ಹಾಕಿದ.

"ವಿಡಿಯೋ ನೋಡ್ದೆ. ಐದು ವರ್ಷದಾಗೆ ಒಂದೂ ಹೊಸದು ಕಲ್ತಿಲ್ಲ ನೀನು. ಕೈಯಿಟ್ಟು ಶಾಖ ನೋಡ್ದೆಯಲ್ಲ, ಅದು ನಾನು ಹೇಳಿಕೊಟ್ಟಿದ್ದು."

"ಹೌದು. ಅದೊಂದೇ," ಎಂದು ಅಂಜನಕುಮಾರ ಫೋನ್ ಇಟ್ಟ. ಆಮೇಲೆ ಬಹಳ ಹೊತ್ತು, ಬಸವಕಿರಣ್ ಕೊಳಕೆಂದಿದ್ದ ಆ ಅಂಗೈಯನ್ನು ಪ್ಯಾಂಟಿಗೆ ಒರೆಸುತ್ತ ಕೂತಿದ್ದ.